ಹ್ಯಾಶ್ ಎಂಜಿನ್ ಓದಿದ್ದು ಯಾವ ಬೈಟ್‌ಗಳನ್ನು?

ಬೂಟ್‌ಲೋಡರ್ ಅಂದರೆ ಬೋರ್ಡ್ ಆನ್ ಆದಾಗ ಮೊದಲು ಓಡಿ, ಮುಖ್ಯ ಸಾಫ್ಟ್‌ವೇರ್‌ನ ಫೈಲನ್ನು (ಇಮೇಜ್) ಮೆಮೊರಿಗೆ ತರುವ ಪ್ರೋಗ್ರಾಮ್. ಇಮೇಜ್ ಸರಿಯಿದೆಯಾ ಎಂದು ಅದು ಹ್ಯಾಶ್‌ನಿಂದ, ಅಂದರೆ ಡೇಟಾದಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆಯಿಂದ, ನೋಡುತ್ತದೆ. ಅಲ್ಲಿ ಹ್ಯಾಶ್ ತಪ್ಪಿದರೆ ಕನ್ಸೋಲ್‌ನಲ್ಲಿ ಸಿಗುವುದು ಒಂದೇ ಸಾಲು: ಹ್ಯಾಶ್ ಹೊಂದುತ್ತಿಲ್ಲ. ಇಮೇಜ್ ಕೆಟ್ಟಿದೆಯಾ, ಫ್ಲ್ಯಾಶ್ ಕೆಟ್ಟಿದೆಯಾ, ಲೆಕ್ಕ ಹಾಕಿದ ಹಾರ್ಡ್‌ವೇರೇ ತಪ್ಪಿತಾ, ಏನೂ ಗೊತ್ತಾಗುವುದಿಲ್ಲ. ಎಸ್‌ಎಚ್‌ಎ-256 ಎಂಬ ಹ್ಯಾಶ್ ವಿಧಾನಕ್ಕೆ ಕೊಟ್ಟ ಡೇಟಾದಲ್ಲಿ ಒಂದು ಬಿಟ್ ಬದಲಾದರೂ 32 ಬೈಟ್‌ಗಳ ಉತ್ತರ ಪೂರ್ತಿ ಬೇರೆಯಾಗುತ್ತದೆ. ಎಷ್ಟು ತಪ್ಪಿದೆ ಎಂದು ಉತ್ತರ ನೋಡಿ ಹೇಳಲು ಆಗುವುದಿಲ್ಲ. ಆದರೆ ಎಂಜಿನ್ ಯಾವ ಬೈಟ್‌ಗಳನ್ನು ಓದಿತು ಎಂದು ಅದೇ ಉತ್ತರದಿಂದ ಕಂಡುಹಿಡಿಯಬಹುದು. ನನ್ನ ಸಮಸ್ಯೆ ಬಗೆಹರಿದದ್ದು ಹಾಗೆ.

ಬೋರ್ಡ್‌ನಲ್ಲಿ ಇದ್ದದ್ದು ಕಾರ್ಟೆಕ್ಸ್-ಎ53 ಪ್ರೊಸೆಸರ್, ಅದರ ಮೇಲೆ ಯು-ಬೂಟ್ ಎಂಬ ಬೂಟ್‌ಲೋಡರ್. ಹ್ಯಾಶ್ ಕೆಲಸ ಚಿಪ್ ಒಳಗಿನ ಕ್ರಿಪ್ಟೋ ಎಂಜಿನ್‌ನದು. ಅದು ಡಿಎಂಎ (ಪ್ರೊಸೆಸರ್ ನೆರವಿಲ್ಲದೆ ಮೆಮೊರಿ ಮುಟ್ಟುವ ವ್ಯವಸ್ಥೆ) ಮೂಲಕ ರ್‍ಯಾಮ್‌ನಿಂದ ನೇರವಾಗಿ ಡೇಟಾ ಓದುತ್ತದೆ, ಪ್ರೊಸೆಸರ್ ತಾನು ಬರೆದದ್ದನ್ನು ಮೊದಲು ಇಟ್ಟುಕೊಳ್ಳುವ ಚಿಕ್ಕ, ವೇಗದ ಮೆಮೊರಿ, ಅಂದರೆ ಕ್ಯಾಶ್, ಅದಕ್ಕೆ ಕಾಣುವುದಿಲ್ಲ. ಲಕ್ಷಣಗಳು ಮಾತ್ರ ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕಾಣುತ್ತಿದ್ದವು. ಪವರ್ ತೆಗೆದು ಮತ್ತೆ ಕೊಟ್ಟರೆ ಹ್ಯಾಶ್ ತಪ್ಪುತ್ತಿತ್ತು, ಸುಮ್ನೆ ರೀಸೆಟ್ ಒತ್ತಿದರೆ ಸರಿ ಬರುತ್ತಿತ್ತು. ಎಸ್‌ಪಿಐ ಫ್ಲ್ಯಾಶ್‌ನಿಂದ ತಂದ ಇಮೇಜ್ ಫೇಲ್, ಅದೇ ಇಮೇಜನ್ನು ಇನ್ನೊಂದು ಸ್ಟೋರೇಜ್ ಚಿಪ್ ಆದ ಇಎಂಎಂಸಿಯಿಂದ ಬ್ಲಾಕ್ ಬ್ಲಾಕ್ ಆಗಿ ಓದಿದರೆ ಪಾಸ್. ಹೋಲಿಸಿ ನೋಡೋಣ ಎಂದು ಮೊದಲು ಸಾಫ್ಟ್‌ವೇರ್‌ನಲ್ಲಿ ಹ್ಯಾಶ್ ಮಾಡಿ, ಆಮೇಲೆ ಹಾರ್ಡ್‌ವೇರ್‌ನಲ್ಲಿ ಮಾಡಿಸಿದರೆ ಎರಡೂ ಸರಿ! ಎಂಜಿನ್ ನಡೆಸುವ ಡ್ರೈವರ್‌ನ ಸ್ವಯಂ ಪರೀಕ್ಷೆ ಪ್ರತಿ ಸಲವೂ ಪಾಸ್.

ಇಂಥ ಹೊತ್ತಲ್ಲಿ ಮೊದಲು ನೋಡಬೇಕಾದ್ದು ಸಣ್ಣ, ಉತ್ತರ ಗೊತ್ತಿರುವ ಇನ್‌ಪುಟ್. 'ಎಬಿಸಿ' ಎಂಬ ಮೂರು ಸಣ್ಣ ಇಂಗ್ಲಿಷ್ ಅಕ್ಷರಗಳ ಎಸ್‌ಎಚ್‌ಎ-256 ಶುರುವಾಗುವುದು ಬಿಎ7816ಬಿಎಫ್ ಎಂದು. ಅದರ ಬದಲು ಬಿಎಫ್1678ಬಿಎ ಬಂದರೆ ಪ್ರತಿ ವರ್ಡ್‌ನ ಬೈಟ್‌ಗಳು ತಿರುಗಿವೆ, ಎಂಡಿಯನ್ (ಬೈಟ್‌ಗಳ ಕ್ರಮದ) ಸೆಟ್ಟಿಂಗ್ ನೋಡಬೇಕು. ಇ3ಬಿ0ಸಿ442 ಬಂದರೆ ಅದು ಖಾಲಿ ಇನ್‌ಪುಟ್‌ನ ಹ್ಯಾಶ್, ಅಂದರೆ ಎಂಜಿನ್‌ಗೆ ಉದ್ದ ಸೊನ್ನೆ ಎಂದು ಹೋಗಿದೆ. ಈ ಮೂರು ಸಂಖ್ಯೆಗಳನ್ನು ನಾನು ಈಗ ಬಾಯಿಪಾಠ ಮಾಡಿಕೊಂಡಿದ್ದೇನೆ. ಡೇಟಾ ಕ್ಯಾಶ್ ಆಫ್ ಮಾಡಿ ನೋಡಿದಾಗ ನನ್ನ ಬೋರ್ಡ್‌ನಲ್ಲಿ ಉತ್ತರ ಸರಿಯಾಗಿಯೇ ಬಂತು. ಎಂಜಿನ್ ಲೆಕ್ಕ ತಪ್ಪುತ್ತಿರಲಿಲ್ಲ.

ಆಮೇಲೆ ಕ್ಯಾಶ್ ಆನ್ ಮಾಡಿ ಬೇರೆ ಬೇರೆ ಉದ್ದ ಕೊಟ್ಟು ನೋಡಿದೆ. 64, 128, 192 ಬೈಟ್ ಪಾಸ್. 65, 100, 130 ಫೇಲ್. 64ರ ಗುಣಕ ಆಗಿದ್ದರೆ ಸರಿ, ಇಲ್ಲದಿದ್ದರೆ ತಪ್ಪು.

ಇಲ್ಲಿ ಎಲ್ಲರ ಕಣ್ಣು ಪ್ಯಾಡಿಂಗ್ ಮೇಲೆ ಹೋಗುತ್ತದೆ. ಎಸ್‌ಎಚ್‌ಎ-256 ಡೇಟಾವನ್ನು 64 ಬೈಟ್ ಬ್ಲಾಕ್‌ಗಳಾಗಿ ತಗೊಳ್ಳುತ್ತದೆ. ಕೊನೆಗೆ ಒಂದು ಗುರುತಿನ ಬೈಟ್, ಸೊನ್ನೆಗಳು, 8 ಬೈಟ್‌ನಲ್ಲಿ ಒಟ್ಟು ಉದ್ದ ಸೇರಿಸುತ್ತದೆ, ಇದೇ ಪ್ಯಾಡಿಂಗ್. ಹಾಗಾಗಿ 55 ಬೈಟ್‌ವರೆಗೆ ಒಂದೇ ಬ್ಲಾಕ್ ಸಾಕು, 56 ಆದರೆ ಎರಡು ಬೇಕು. ಈ ಗಡಿಯಲ್ಲಿ ತಪ್ಪು ಮಾಡುವ ಡ್ರೈವರ್‌ಗಳು ಇರುತ್ತವೆ, ನಿಜ. ಆದರೆ ಇನ್ನೊಂದು 64 ಕೂಡ ಇದೆ ಅಲ್ವಾ? ಕಾರ್ಟೆಕ್ಸ್-ಎ53ರ ಕ್ಯಾಶ್ ಲೈನ್ ಉದ್ದವೂ 64 ಬೈಟ್, ಅಂದರೆ ಕ್ಯಾಶ್ ಡೇಟಾವನ್ನು ಇಷ್ಟಿಷ್ಟರ ತುಂಡುಗಳಾಗಿಯೇ ಇಟ್ಟುಕೊಳ್ಳುತ್ತದೆ. ಎರಡು ಬೇರೆ ಬೇರೆ ಕಾರಣಗಳಿಗೆ ಒಂದೇ ಸಂಖ್ಯೆ.

ಬಿಡಿಸುವುದು ಸುಲಭ. ಉದ್ದ 64ರ ಗುಣಕವಾಗಿಯೇ ಇರಲಿ, ಶುರುವಾಗುವ ವಿಳಾಸವನ್ನು 32 ಬೈಟ್ ಮುಂದೆ ಸರಿಸಿ. ಪ್ಯಾಡಿಂಗ್‌ಗೆ ವಿಳಾಸದ ಹಂಗಿಲ್ಲ, ಕ್ಯಾಶ್ ಲೈನ್‌ಗೆ ಇದೆ. ಸರಿಸಿದ ಕೂಡಲೇ ಹ್ಯಾಶ್ ತಪ್ಪಿತು. ಎಸ್‌ಎಚ್‌ಎ-512ರ ಬ್ಲಾಕ್ 128 ಬೈಟ್. ಅದರಲ್ಲೂ 64 ಬೈಟ್ ಡೇಟಾ ಸರಿ ಬಂತು, 65 ತಪ್ಪಿತು. ಪ್ಯಾಡಿಂಗ್ ಮೇಲಿನ ಅನುಮಾನ ಅಲ್ಲಿಗೆ ಮುಗಿಯಿತು.

ಇನ್ನು ಬೇಕಾಗಿದ್ದದ್ದು ಸಾಕ್ಷಿ. ಯು-ಬೂಟ್ ಪ್ರಾಂಪ್ಟ್‌ನಲ್ಲೇ ಇದನ್ನು ಮಾಡಬಹುದು. ಮೆಮೊರಿಯ ನೂರು ಬೈಟ್‌ಗಳಲ್ಲಿ 11 ತುಂಬಿಸಿ, ಡಿಕ್ಯಾಶ್ ಫ್ಲಶ್ ಕೊಟ್ಟು ಅದನ್ನು ರ್‍ಯಾಮ್‌ಗೆ ಇಳಿಸಿದೆ. ಆಮೇಲೆ ಅದೇ ನೂರು ಬೈಟ್‌ಗಳ ಮೇಲೆ 22 ಬರೆದೆ. ಈ ಸಲ ಫ್ಲಶ್ ಇಲ್ಲ, ಕೂಡಲೇ ಹ್ಯಾಶ್ ಕಮಾಂಡ್. (ಯು-ಬೂಟ್ ಈ ಕಮಾಂಡ್‌ಗಳ ಸಂಖ್ಯೆಗಳನ್ನು ಹೆಕ್ಸ್ (16ರ ಆಧಾರದ ಸಂಖ್ಯೆ) ಎಂದೇ ಓದುತ್ತದೆ. ನೂರು ಬೈಟ್ ಬೇಕಿದ್ದರೆ 64 ಎಂದು ಕೊಡಬೇಕು. ಇದು ಮರೆತರೆ ಪರೀಕ್ಷೆಯೇ ದಾರಿ ತಪ್ಪುತ್ತದೆ.) ಪಿಸಿಯಲ್ಲಿ ಕೆಲವು ಫೈಲ್ ಮಾಡಿಟ್ಟುಕೊಂಡೆ: ಪೂರ್ತಿ 11, ಪೂರ್ತಿ 22, ಮೊದಲ 64 ಬೈಟ್ 22 ಆಗಿ ಉಳಿದ 36 ಬೈಟ್ 11. ಪ್ರತಿಯೊಂದರ ಹ್ಯಾಶ್ ತೆಗೆದು ಹೋಲಿಸಿದೆ. ಬೋರ್ಡ್ ಕೊಟ್ಟ ಉತ್ತರ ಮೂರನೆಯದಕ್ಕೆ ಅಕ್ಷರಶಃ ಹೊಂದಿತು. ಎಂಜಿನ್ ಮೊದಲ ಲೈನ್‌ನಲ್ಲಿ ಹೊಸ ಡೇಟಾ ಓದಿದೆ, ಕೊನೆಯ ಅರ್ಧಂಬರ್ಧ ಲೈನ್‌ನಲ್ಲಿ ಹಳೆಯದನ್ನು ಓದಿದೆ. ಇದಕ್ಕಿಂತ ಸ್ಪಷ್ಟವಾಗಿ ಯಾವ ಲಾಗ್ ಹೇಳುತ್ತದೆ!

ಡ್ರೈವರ್ ತೆರೆದರೆ ಕಾರಣ ಎದುರಿಗೇ ಇತ್ತು. ಹ್ಯಾಶ್‌ಗೆ ಮುಂಚೆ ಡೇಟಾ ಫ್ಲಶ್ ಮಾಡುವಾಗ ಕೊನೆಯ ವಿಳಾಸವನ್ನು ಕ್ಯಾಶ್ ಲೈನ್ ಗಡಿಗೆ ಮೇಲಕ್ಕೆ ಏರಿಸುವ ಬದಲು ಕೆಳಕ್ಕೆ ಇಳಿಸಲಾಗಿತ್ತು. ಬಾಲದ ಲೈನ್ ಫ್ಲಶ್ ಆಗುತ್ತಲೇ ಇರಲಿಲ್ಲ.

ಇದು ತಿಳಿದ ಮೇಲೆ ಹಳೆಯ ಲಕ್ಷಣಗಳೆಲ್ಲ ತಾವಾಗಿಯೇ ಜೋಡಿಸಿಕೊಂಡವು. ಎಸ್‌ಪಿಐ ಫ್ಲ್ಯಾಶ್‌ನಿಂದ ನಮ್ಮ ಬೋರ್ಡ್‌ನಲ್ಲಿ ಡೇಟಾ ತರುತ್ತಿದ್ದುದು ಪ್ರೊಸೆಸರ್, ಆದ್ದರಿಂದ ಕೊನೆಯ ಬೈಟ್‌ಗಳು ಕ್ಯಾಶ್‌ನಲ್ಲೇ ಉಳಿಯುತ್ತಿದ್ದವು. ಇಎಂಎಂಸಿ ಡಿಎಂಎ ಮೂಲಕ ನೇರ ರ್‍ಯಾಮ್‌ಗೆ ಬರೆಯುತ್ತದೆ, ತೊಂದರೆ ಇಲ್ಲ. ಕ್ಯಾಶ್‌ಗಿಂತ ಎಷ್ಟೋ ದೊಡ್ಡ ಇಮೇಜನ್ನು ಸಾಫ್ಟ್‌ವೇರ್ ಹ್ಯಾಶ್ ಮೊದಲಿಂದ ಕೊನೆಯವರೆಗೆ ಓದಿದಾಗ ಹಳೆಯ ಲೈನ್‌ಗಳು ಕ್ಯಾಶ್‌ನಿಂದ ಹೊರಬಿದ್ದು ರ್‍ಯಾಮ್ ಸೇರುತ್ತವೆ, ಆಮೇಲೆ ಎಂಜಿನ್‌ಗೆ ಸರಿಯಾದ ಡೇಟಾ ಸಿಗುತ್ತದೆ. ರೀಸೆಟ್ ಒತ್ತಿದಾಗ ಹಿಂದಿನ ಸಲದ ಅದೇ ಇಮೇಜ್ ಅದೇ ವಿಳಾಸದಲ್ಲಿ ರ್‍ಯಾಮ್‌ನಲ್ಲಿ ಇದ್ದೇ ಇರುತ್ತಿತ್ತು. ಹಾಗಾಗಿ ಹಳೆಯ ಡೇಟಾ ಓದಿದರೂ ಉತ್ತರ ಸರಿ. ಸ್ವಯಂ ಪರೀಕ್ಷೆಯ 'ಎಬಿಸಿ' ಡ್ರೈವರ್ ಒಳಗಿನ ಸ್ಥಿರ ಡೇಟಾ. ಯು-ಬೂಟ್ ತನ್ನನ್ನು ರ್‍ಯಾಮ್‌ನಲ್ಲಿ ಬೇರೆ ಜಾಗಕ್ಕೆ ನಕಲಿಸಿಕೊಂಡಾಗ ಕ್ಯಾಶ್ ಇನ್ನೂ ಆನ್ ಆಗಿರಲಿಲ್ಲ, ಅದು ಯಾವಾಗಲೂ ರ್‍ಯಾಮ್‌ನಲ್ಲೇ ಇತ್ತು.

ಒಮ್ಮೆ ತಪ್ಪಿದರೆ ಇನ್ನೊಮ್ಮೆ ಹ್ಯಾಶ್ ಮಾಡಿ ನೋಡುವ ಕೋಡ್ ಹಾಕಿಬಿಡೋಣ ಎಂಬ ಸಲಹೆ ಬಂದಿತ್ತು. ನಾನು ಒಪ್ಪಲಿಲ್ಲ. ಇದು ಬೂಟ್ ನಿಲ್ಲುವ ತೊಂದರೆ ಮಾತ್ರ ಅಲ್ಲ. ಎಂಜಿನ್ ರ್‍ಯಾಮ್‌ನಲ್ಲಿರುವುದನ್ನು ಪರೀಕ್ಷಿಸುತ್ತದೆ, ಪ್ರೊಸೆಸರ್ ಓಡಿಸುವುದು ಕ್ಯಾಶ್‌ನಲ್ಲಿರುವುದನ್ನು. ಎರಡೂ ಬೇರೆ ಇದ್ದರೆ, ಹಳೆಯ ಒಳ್ಳೆಯ ಇಮೇಜ್‌ನ ಬಾಲ ತೋರಿಸಿ ಕೆಟ್ಟ ಬಾಲವನ್ನು ಓಡಿಸಬಹುದು. ಸಹಿ ಪರೀಕ್ಷೆ ಮಾಡುವ ಬೂಟ್‌ನಲ್ಲಿ ಇದು ದೊಡ್ಡ ಬಿರುಕು.

ಇನ್‌ಪುಟ್ ಸರಿಪಡಿಸುವುದು ಎರಡು ಸಾಲಿನ ಕೆಲಸ: ಶುರುವಿನ ವಿಳಾಸ ಕೆಳಗಿನ ಗಡಿಗೆ, ಕೊನೆಯ ವಿಳಾಸ ಮೇಲಿನ ಗಡಿಗೆ. ಫ್ಲಶ್ ಅಂದರೆ ಕ್ಯಾಶ್‌ನಲ್ಲಿರುವುದನ್ನು ರ್‍ಯಾಮ್‌ಗೆ ಬರೆಯುವುದು, ಪಕ್ಕದ ಒಂದೆರಡು ವೇರಿಯಬಲ್ ಜಾಸ್ತಿ ಬರೆದರೂ ಹಾನಿ ಇಲ್ಲ. ಉತ್ತರ ಬರುವ ಬಫರ್‌ಗೆ ಇದೇ ಲೆಕ್ಕ ಹಾಕಬಾರದು. ಅಲ್ಲಿ ಮಾಡುವುದು ಇನ್‌ವ್ಯಾಲಿಡೇಟ್, ಅಂದರೆ ಕ್ಯಾಶ್‌ನಲ್ಲಿದ್ದುದನ್ನು ಎಸೆಯುವುದು. ಸ್ಟ್ಯಾಕ್‌ನಲ್ಲಿ 32 ಬೈಟ್‌ನ ಬಫರ್ ಇಟ್ಟರೆ ಲೈನ್‌ನ ಉಳಿದ ಜಾಗದಲ್ಲಿ ಬೇರೆ ವೇರಿಯಬಲ್‌ಗಳು ಇರುತ್ತವೆ, ಅವುಗಳ ಹೊಸ ಮೌಲ್ಯವೂ ಹೋಗಬಹುದು. ಆ ಬಫರ್‌ಗೆ 64ರ ಗಡಿಯಲ್ಲಿ ಶುರುವಾಗುವ ಇಡೀ ಒಂದು ಲೈನ್ ಕೊಟ್ಟೆ. ಇನ್‌ವ್ಯಾಲಿಡೇಟನ್ನು ಎಂಜಿನ್ ಕೆಲಸ ಮುಗಿದ ಮೇಲೂ ಇನ್ನೊಮ್ಮೆ ಮಾಡಿಸಿದೆ, ಏಕೆಂದರೆ ನಡುವೆ ಪ್ರೊಸೆಸರ್ ತಾನಾಗಿಯೇ ಆ ಲೈನನ್ನು ಕ್ಯಾಶ್‌ಗೆ ಎಳೆದುಕೊಂಡಿರಬಹುದು.

ಸ್ವಯಂ ಪರೀಕ್ಷೆಯನ್ನೂ ಬದಲಿಸಿದೆ. ಈಗ ಅದು ಆಗಷ್ಟೇ ಬರೆದ ಡೇಟಾ ಮೇಲೆ ನಡೆಯುತ್ತದೆ, ಪ್ರತಿ ಸಲ ಬೇರೆ ಪ್ಯಾಟರ್ನ್. ಶುರುವಿನ ವಿಳಾಸ 0ಯಿಂದ 63ರವರೆಗೆ ಒಂದೊಂದೇ ಬೈಟ್ ಸರಿಯುತ್ತದೆ. ಉದ್ದಗಳು 1, 55, 56, 63, 64, 65, 119, 120, 128. ಉದ್ದ ಸೊನ್ನೆ ಆದರೆ ಎಂಜಿನ್‌ಗೆ ಕಳಿಸುವುದೇ ಇಲ್ಲ, ಗೊತ್ತಿರುವ ಆ ಇ3ಬಿ0ಸಿ442 ಉತ್ತರವನ್ನು ಡ್ರೈವರ್ ತಾನೇ ಕೊಡುತ್ತದೆ.