ಕೀಬೋರ್ಡ್ ಕೆಳಗಿನ ಎರಡು ಸ್ಲಾಟ್: ಹೊಸ ವರ್ಕ್‌ಸ್ಟೇಷನ್ ಲ್ಯಾಪ್‌ಟಾಪ್‌ಗೆ 96 ಜಿಬಿ ಹಾಕಿದ ನನ್ನ ಅನುಭವ

ಹೋದ ವಾರ ಒಂದು ಕಲ್ಲು ಕ್ವಾರಿಯ ಸರ್ವೆ ಮುಗಿಸಿದೆ. ಹತ್ತಿರ ಹತ್ತಿರ 2,100 ಡ್ರೋನ್ ಫೋಟೋ. ರಾತ್ರಿ ಹತ್ತೂವರೆಗೆ ಪ್ರೊಸೆಸಿಂಗ್‌ಗೆ ಬಿಟ್ಟು ಮಲಗಿದೆ. ಬೆಳಿಗ್ಗೆ ಕಾಫಿ ಹಿಡಿದು ಬಂದು ನೋಡಿದರೆ ಪಾಯಿಂಟ್ ಕ್ಲೌಡ್ (ನೆಲದ ಮೂರು ಆಯಾಮದ ಚುಕ್ಕಿಗಳು), ಡಿಇಎಂ (ನೆಲದ ಎತ್ತರದ ನಕ್ಷೆ), ಆರ್ಥೋ (ಫೋಟೋ ಜೋಡಿಸಿದ ನಕ್ಷೆ) ಮೂರೂ ರೆಡಿ. ಇದೇ ಲ್ಯಾಪ್‌ಟಾಪ್ ತಂದ ಹೊಸದರಲ್ಲಿ 900 ಫೋಟೋ ಹಾಕಿದರೂ ನಡುರಾತ್ರಿ ಮೆಮೊರಿ ಸಾಲದೆ ನಿಂತುಬಿಡುತ್ತಿತ್ತು. ಹೊಸ ಮಿಷನ್ ಬಿಚ್ಚಬೇಡ ಅಂತ ಎಷ್ಟೋ ಜನ ಹೇಳಿದ್ದರು. ಬಿಚ್ಚಿದೆ, ಎರಡು ಸಲ ಕೈ ಸುಟ್ಟುಕೊಂಡೆ, ಮೂರನೇ ಸಲ ಕೂತಿತು. ನಮ್ಮ ಕೆಲಸದವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಲ್ಯಾಪ್‌ಟಾಪ್ ತಂದದ್ದು 2025ರ ಜುಲೈನಲ್ಲಿ, ಸುಮಾರು ಒಂದು ಲಕ್ಷ ತೊಂಬತ್ತು ಸಾವಿರಕ್ಕೆ. 32 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಆಮೇಲೆ ಬದಲಿಸಲು ಆಗಲ್ಲ, ಹಾಗಾಗಿ ದುಡ್ಡೆಲ್ಲ ಅಲ್ಲಿಗೇ ಹಾಕಿದೆ. ಕಂಪನಿಯಿಂದಲೇ 64 ಜಿಬಿ ಮತ್ತು 2 ಟಿಬಿ ಹಾಕಿಸಿಕೊಂಡರೆ ಇನ್ನೂ ತೊಂಬತ್ತು ಸಾವಿರ ಆಗುತ್ತೆ ಅಂದರು. ಅದೂ ಆರು ವಾರ ಕಾಯಬೇಕು.

ಆಫೀಸಿನ ಲೆಕ್ಕ ನೋಡಿಕೊಳ್ಳುವುದು ನನ್ನ ಭಾವ. ‘ಎರಡು ಲಕ್ಷದ ಮಿಷನ್ ಕಣೋ, ವಾರಂಟಿ ಹೋದ್ರೆ ಯಾರು ಜವಾಬ್ದಾರಿ?’ ಅಂದರು. ನಾನು ಸರ್ವಿಸ್ ಮ್ಯಾನುಯಲ್ ತೆಗೆದು ತೋರಿಸಿದೆ. ರ‍್ಯಾಮ್, ಎಸ್‌ಎಸ್‌ಡಿ ಬದಲಿಸುವ ಕ್ರಮವನ್ನು ಕಂಪನಿಯೇ ಚಿತ್ರ ಸಮೇತ ಕೊಟ್ಟಿದೆ. ಅವರಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಆದರೂ ಚೆಕ್‌ಗೆ ಸಹಿ ಹಾಕಿದರು.

ಕೊಳ್ಳುವ ಮುಂಚೆ ನಾನು ನೋಡಿದ್ದು ಒಂದೇ ವಿಷಯ: ರ‍್ಯಾಮ್ ಯಾವ ತರಹದ್ದು ಅಂತ. ವರ್ಕ್‌ಸ್ಟೇಷನ್ ಅಂತ ಹೆಸರಿದ್ದರೂ ಈಗ ತೆಳ್ಳನೆಯವುಗಳಲ್ಲಿ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. 2022ರಲ್ಲಿ ಡೆಲ್ ಪ್ರಿಸಿಷನ್ 7670ಯಲ್ಲಿ ಬೆಸುಗೆ ಇಲ್ಲದೆ ಬೋರ್ಡಿಗೆ ಚಪ್ಪಟೆಯಾಗಿ ಸ್ಕ್ರೂ ಹಾಕಿ ಕೂರಿಸುವ ಕ್ಯಾಮ್ ಅನ್ನುವ ಮೆಮೊರಿ ಮಾಡ್ಯೂಲ್ ಬಂತು. 2024ರಲ್ಲಿ ಲೆನೊವೊ ಥಿಂಕ್‌ಪ್ಯಾಡ್ ಪಿ1 ಜೆನ್ 7ರಲ್ಲಿ ಅದೇ ಜಾತಿಯ ಎಲ್‌ಪಿಕ್ಯಾಮ್2 ಬಂತು. ಅವು ಒಳ್ಳೆಯವೇ, ಆದರೆ ನಾನು ಸುತ್ತಿದ ಅಂಗಡಿಗಳಲ್ಲಿ ಒಂದರಲ್ಲೂ ಆ ಮಾಡ್ಯೂಲ್ ಸಿಗಲಿಲ್ಲ. ಅದಕ್ಕೇ ಹಳೇ ಪದ್ಧತಿಯ ನಾಲ್ಕು ಸೋಡಿಮ್ ಸ್ಲಾಟ್ (ಮೆಮೊರಿ ಸ್ಟಿಕ್ ಕೂರಿಸುವ ಜಾಗ), ಮೂರು ಎಂ.2 ಸ್ಲಾಟ್ (ಎಸ್‌ಎಸ್‌ಡಿ ಕೂರಿಸುವ ಜಾಗ) ಇರುವ ದಪ್ಪ ಮಾಡೆಲ್ಲೇ ಬೇಕು ಅಂತ ಹಟ ಹಿಡಿದೆ. ಭಾರ ಮೂರು ಕೆಜಿ ಹತ್ತಿರ. ಪರವಾಗಿಲ್ಲ.

ಮೊದಲ ಭಾನುವಾರವೇ ಕೆಳಗಿನ ಮುಚ್ಚಳ ಬಿಚ್ಚಿದೆ. ಎರಡು ಸ್ಲಾಟ್ ಕಂಡವು, ಎರಡೂ ಖಾಲಿ. ಕಂಪನಿ ಹಾಕಿದ 32 ಜಿಬಿ ಎಲ್ಲಿ ಹೋಯಿತು ಅಂತ ಒಂದು ನಿಮಿಷ ಗಾಬರಿಯಾಯಿತು. ಅದು ಬೋರ್ಡಿನ ಆ ಕಡೆ, ಕೀಬೋರ್ಡ್ ಕೆಳಗೆ, 16ರ ಎರಡು ಸ್ಟಿಕ್ ಆಗಿ ಕೂತಿತ್ತು. ಸುಲಭದ ಎರಡನ್ನು ನಮಗೆ ಬಿಟ್ಟು, ಕಷ್ಟದ ಎರಡನ್ನು ಅವರು ತುಂಬಿದ್ದಾರೆ. ಬೋರ್ಡಿನಲ್ಲಿ ಮೊದಲು ತುಂಬಬೇಕಾದವೂ ಆ ಎರಡೇ. ಇಷ್ಟು ನನಗೆ ಅವತ್ತೇ ಹೊಳೆದಿದ್ದರೆ ಆಮೇಲೆ ನಾನು ನಷ್ಟ ಮಾಡಿಕೊಂಡ ಒಟ್ಟು ಏಳೂವರೆ ಸಾವಿರದಲ್ಲಿ ಒಂದು ಭಾಗ ಉಳಿಯುತ್ತಿತ್ತು.

ಮಾರನೇ ದಿನ ಬೆಂಗಳೂರಿನ ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು, ಕಂಪ್ಯೂಟರ್ ಅಂಗಡಿಗಳಿರುವ ಎಸ್.ಪಿ. ರೋಡಿಗೆ ನಡೆದೆ. ಹದಿನೈದು ವರ್ಷದಿಂದ ಹೋಗುವ ಅಂಗಡಿ. ಯಾವುದು ಅಂತ ಹೇಳಲ್ಲ, ಅವರು ನನಗೆ ಕೊಡುವ ರೇಟು ನನ್ನ ಹತ್ತಿರವೇ ಇರಲಿ. 32 ಜಿಬಿಯ ಎರಡು ಡಿಡಿಆರ್5 (ಮೆಮೊರಿಯ ಈಗಿನ ತಲೆಮಾರು) ಸ್ಟಿಕ್, ಸ್ಪೀಡ್ 5600, ಜಿಎಸ್‌ಟಿ ಬಿಲ್ ಸಮೇತ ಹದಿನೇಳು ಸಾವಿರ ಚಿಲ್ಲರೆ. ‘ಖಾಲಿ ಸ್ಲಾಟಿಗೆ ಹಾಕ್ಬಿಡಿ ಸಾರ್, ಒಟ್ಟು 96 ಆಗುತ್ತೆ’ ಅಂದ ಅಂಗಡಿ ಹುಡುಗ. ನನಗೂ ಅದೇ ಸರಿ ಅನ್ನಿಸಿತ್ತು.

ಮನೆಗೆ ಬಂದು ಹಾಕಿ ಪವರ್ ಒತ್ತಿದೆ. ಸ್ಕ್ರೀನ್ ಕಪ್ಪು. ಫ್ಯಾನ್ ತಿರುಗುತ್ತಿದೆ, ಬೇರೇನೂ ಇಲ್ಲ. ಒಂದು ನಿಮಿಷ ಕಾದು ಆಫ್ ಮಾಡಿದೆ. ಬಿಚ್ಚಿ, ಮತ್ತೆ ಕೂರಿಸಿ, ಮತ್ತೆ ಆನ್ ಮಾಡಿದೆ. ಹೀಗೆ ಮೂರು ಸಲ. ಜೀವ ಬಾಯಿಗೆ ಬಂದಿತ್ತು. ನಾಲ್ಕನೇ ಸಲ ಸಾಕಾಗಿ ಹಾಗೇ ಬಿಟ್ಟು ಅಡುಗೆಮನೆಗೆ ಹೋದೆ. ವಾಪಸ್ ಬರುವಷ್ಟರಲ್ಲಿ ಕಂಪನಿ ಲೋಗೋ ಬಂದಿತ್ತು. ಡಿಡಿಆರ್5 ಮೊದಲ ಸಲ ಹಾಕಿದಾಗ ಬೋರ್ಡು ಆ ಸ್ಟಿಕ್‌ಗಳ ಟೈಮಿಂಗ್ ಕಲಿತುಕೊಳ್ಳುತ್ತದೆ. ನನ್ನದರಲ್ಲಿ ಐದು ನಿಮಿಷದ ಹತ್ತಿರ ಹಿಡಿಯಿತು. ನಾನು ನಡುವೆ ಆಫ್ ಮಾಡುತ್ತಿದ್ದದ್ದರಿಂದ ಪ್ರತಿ ಸಲವೂ ಮೊದಲಿನಿಂದ ಶುರುವಾಗುತ್ತಿತ್ತು. ಚಾರ್ಜರ್ ಹಾಕಿ, ಆನ್ ಮಾಡಿ, ಹತ್ತು ನಿಮಿಷ ಅದರ ಕಡೆ ನೋಡಲೇಬೇಡಿ.

96 ಜಿಬಿ ತೋರಿಸಿತು, ಖುಷಿಯಾಯಿತು. ಆದರೆ ಸ್ಪೀಡ್ 5600 ಇದ್ದದ್ದು 4000ಕ್ಕೆ ಇಳಿದಿತ್ತು. ನಾಲ್ಕು ಸ್ಲಾಟೂ ತುಂಬಿದರೆ ಮೆಮೊರಿ ಕಂಟ್ರೋಲರ್ ಮೇಲೆ ಭಾರ ಬಿದ್ದು ಹೀಗಾಗುತ್ತದೆ. ಹೋಗಲಿ ಅಂದುಕೊಂಡೆ. ಎರಡನೇ ರಾತ್ರಿ ಒಂದು ಲೇಔಟ್ ಸರ್ವೆಯ ಪ್ರೊಸೆಸಿಂಗ್ ಆರು ಗಂಟೆ ಓಡಿ ನೀಲಿ ಸ್ಕ್ರೀನ್ ಬಂತು. ಮೂರನೇ ರಾತ್ರಿಯೂ ಅದೇ ಹಾಡು. ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86+ ಪ್ರೋಗ್ರಾಂನ ಪೆನ್‌ಡ್ರೈವ್ ಹಾಕಿ ಬಿಟ್ಟೆ. ಬೆಳಿಗ್ಗೆ ಸ್ಕ್ರೀನ್ ತುಂಬ ಕೆಂಪು ಸಾಲು. ಹೊಸ ಎರಡನ್ನಷ್ಟೇ ಇಟ್ಟು ನೋಡಿದೆ, ಒಂದೂ ಎರರ್ ಇಲ್ಲ. ಹಳೇ ಎರಡನ್ನಷ್ಟೇ ಇಟ್ಟೆ, ಅದೂ ಸರಿ. ಸ್ಟಿಕ್ ಯಾವುದೂ ಕೆಟ್ಟಿರಲಿಲ್ಲ. ಬೇರೆ ಬೇರೆ ಸೈಜಿನ ನಾಲ್ಕೂ ಒಟ್ಟಿಗೆ ಇದ್ದಾಗ ಮಾತ್ರ ಜಗಳ.

ಆಗ ಲೆಕ್ಕ ಬದಲಿಸಿದೆ. 48 ಜಿಬಿಯ ಸೋಡಿಮ್ 2023ರಿಂದಲೇ ಮಾರುಕಟ್ಟೆಯಲ್ಲಿವೆ. ಅಂಥವು ಎರಡೇ ಸಾಕು, ಅದೂ ಕೀಬೋರ್ಡ್ ಕೆಳಗಿನ ಸ್ಲಾಟಿಗೆ. ಮುಚ್ಚಳದ ಕಡೆಯ ಎರಡು ಸ್ಲಾಟ್ ಖಾಲಿಯೇ ಇರಲಿ. ಹೀಗೆ ಮಾಡ್ತೀನಿ ಅಂದಾಗ ಅಂಗಡಿಯಲ್ಲಿದ್ದವರೆಲ್ಲ ತಲೆ ಆಡಿಸಿದರು. 48 ಅಂದರೆ ವಿಚಿತ್ರ ಸೈಜು, ಬಯೋಸ್ (ಆನ್ ಮಾಡಿದಾಗ ಮೊದಲು ಓಡುವ ಬೋರ್ಡಿನ ಪ್ರೋಗ್ರಾಂ) ತಗೊಳ್ಳಲ್ಲ, ಎರಡು ಸ್ಲಾಟ್ ಖಾಲಿ ಬಿಡೋದು ಯಾಕೆ ಅಂತ. ನನ್ನ ಜೊತೆ ಸರ್ವೆ ಮಾಡುವ ಗೆಳೆಯನೂ ನಾಲ್ಕು 32 ಹಾಕು ಅಂತಲೇ ಹೇಳಿದ. 32ರ ಜೋಡಿ ವಾಪಸ್ ಕೊಟ್ಟೆ, ಎರಡೂವರೆ ಸಾವಿರ ಮುರಿದುಕೊಂಡರು. 48ರ ಜೋಡಿಗೆ ಇಪ್ಪತ್ತಾರೂವರೆ ಸಾವಿರ.

ಕೀಬೋರ್ಡ್ ತೆಗೆಯುವುದು ನಿಧಾನದ ಕೆಲಸ. ಕೆಳಗಿನಿಂದ ಎರಡು ಸ್ಕ್ರೂ ಸಡಿಲಿಸಬೇಕು. ಆಮೇಲೆ ಕೀಬೋರ್ಡನ್ನು ಸ್ವಲ್ಪ ಮುಂದಕ್ಕೆ ಸರಿಸಿ, ಬಾಗಿಲಿನ ಚಿಲಕ ಬಿಟ್ಟಂತೆ ಮೆಲ್ಲಗೆ ಎತ್ತಬೇಕು. ಅಡಿಯಲ್ಲಿ ಕಾಗದದಷ್ಟು ತೆಳುವಾದ ರಿಬ್ಬನ್ ಕೇಬಲ್. ಅದರ ಕನೆಕ್ಟರ್ ಮೇಲೆ ಅಕ್ಕಿಕಾಳಿನಷ್ಟು ದಪ್ಪದ ಕಪ್ಪು ಪಟ್ಟಿ ಇರುತ್ತದೆ. ಅದನ್ನು ಉಗುರಿನಲ್ಲಿ ಮೇಲಕ್ಕೆ ಎತ್ತಬೇಕು, ಹೊರಗೆ ಎಳೆಯಬಾರದು. ನಾನು ಮೊದಲ ಸಲ ಎಳೆದೆ. ‘ಟಕ್’ ಅಂತ ಶಬ್ದ ಬಂತು, ಎದೆ ಧಸಕ್ಕೆಂದಿತು. ಪುಣ್ಯಕ್ಕೆ ಮುರಿದಿರಲಿಲ್ಲ. ವಾಪಸ್ ಹಾಕುವಾಗ ಕೇಬಲ್ ನೇರವಾಗಿ ಕೂರಿಸಲು ನಾನೊಂದು ಉಪಾಯ ಕಂಡುಕೊಂಡಿದ್ದೇನೆ. ಅದು ಬರೆದರೆ ಅರ್ಥವಾಗುವಂಥದ್ದಲ್ಲ, ಆಫೀಸಿಗೆ ಬಂದರೆ ತೋರಿಸುತ್ತೇನೆ. ಒಂದು ಮಾತು: ಚಳಿಗಾಲದ ಒಣ ಹವೆಯಲ್ಲಿ ಸ್ವೆಟರ್ ಹಾಕಿಕೊಂಡು ಈ ಕೆಲಸ ಮಾಡಬೇಡಿ. ರಿಸ್ಟ್ ಸ್ಟ್ರಾಪ್ ಇಲ್ಲದಿದ್ದರೆ ಆಗಾಗ ಸ್ಟೀಲಿನ ನಲ್ಲಿ ಮುಟ್ಟಿ ಬನ್ನಿ.

ಆನ್ ಮಾಡಿ, ಹೊರಗೆ ಹೋಗಿ ಹಾಲಿನ ಪ್ಯಾಕೆಟ್ ತಂದೆ. ಬಂದಾಗ 96 ಜಿಬಿ, 5600. ಮೆಮ್‌ಟೆಸ್ಟ್ ಒಂದಿಡೀ ರಾತ್ರಿ ಓಡಿತು, ಒಂದೇ ಒಂದು ಎರರ್ ಇಲ್ಲ. ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಎಸ್‌ಎಸ್‌ಡಿ ಕಥೆಯಲ್ಲೂ ಮೊದಲು ಸೋತೆ. ಆಫರ್‌ನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ 4 ಟಿಬಿಯ ಒಂದು ಡ್ರೈವ್ ತರಿಸಿದ್ದೆ. ಡಬ್ಬದ ಮೇಲೆ ಸೆಕೆಂಡಿಗೆ 7 ಜಿಬಿ ಅಂತ ಇತ್ತು. ಮೊದಲ ಏಳುನೂರು ಜಿಬಿ ಕಾಪಿ ಆಗುವವರೆಗೆ ನಿಜಕ್ಕೂ ಚೆನ್ನಾಗಿ ಓಡಿತು. ಆಮೇಲೆ ಧೊಪ್ಪನೆ ಬಿದ್ದು ನೂರು ಎಂಬಿ ಆಸುಪಾಸಿಗೆ ಬಂತು, ಹಳೇ ಹಾರ್ಡ್‌ಡಿಸ್ಕ್‌ನ ಹಾಗೆ. ಕ್ಯೂಎಲ್‌ಸಿ ಡ್ರೈವ್, ಅಂದರೆ ಒಂದೊಂದು ಕೋಶದಲ್ಲಿ ನಾಲ್ಕು ಬಿಟ್ ತುಂಬುವ ಅಗ್ಗದ ಜಾತಿ. ಅದರೊಳಗಿನ ಕ್ಯಾಷ್ (ವೇಗವಾಗಿ ಬರೆಯುವ ತಾತ್ಕಾಲಿಕ ಜಾಗ) ತುಂಬುವವರೆಗೆ ಮಾತ್ರ ಅದರ ಆಟ. ಫೋಟೋ ಜೋಪಾನ ಮಾಡಲು ಸಾಕು, ರಾತ್ರಿಯಿಡೀ ಟೆಂಪರರಿ ಫೈಲ್ ಬರೆಯುವ ನಮ್ಮ ಕೆಲಸಕ್ಕೆ ಆಗಲ್ಲ. ಮದುವೆ ವಿಡಿಯೋ ಮಾಡುವ ಗೆಳೆಯನಿಗೆ ಐದು ಸಾವಿರ ನಷ್ಟಕ್ಕೆ ಮಾರಿದೆ, ಆರ್ಕೈವ್‌ಗೆ ಇಟ್ಟುಕೊಂಡ. ಆಮೇಲೆ ತಂದದ್ದು ಟಿಎಲ್‌ಸಿ (ಕೋಶಕ್ಕೆ ಮೂರೇ ಬಿಟ್), ಸ್ವಂತ ಡಿರ‍್ಯಾಮ್ ಇರುವಂಥವು. ವಿಂಡೋಸ್ ಮತ್ತು ಸಾಫ್ಟ್‌ವೇರ್‌ಗೆ 2 ಟಿಬಿ, ಹದಿಮೂರೂವರೆ ಸಾವಿರ. ಪ್ರಾಜೆಕ್ಟ್‌ಗೆ 4 ಟಿಬಿ, ಇಪ್ಪತ್ತೆಂಟೂವರೆ. ಎರಡೂ ಜೆನ್ 4 (ಪಿಸಿಐಇ ಸಂಪರ್ಕದ ನಾಲ್ಕನೇ ತಲೆಮಾರು). ಜೆನ್ 5 ಸುಮ್ನೆ ಬಿಸಿ, ಲ್ಯಾಪ್‌ಟಾಪ್‌ಗೆ ಬೇಡ ಅಂತ ಬಿಟ್ಟೆ.

ಈ 4 ಟಿಬಿ ಡ್ರೈವಿನಲ್ಲಿ ಎರಡೂ ಬದಿಗೆ ಚಿಪ್ ಇವೆ. ಅದು ಗೊತ್ತಿದ್ದೂ ಒಂದೂವರೆ ಮಿಲಿಮೀಟರ್ ದಪ್ಪದ ಥರ್ಮಲ್ ಪ್ಯಾಡ್ ಅಡಿಗೆ ಹಾಕಿ ಸ್ಕ್ರೂ ಬಿಗಿದೆ. ಡ್ರೈವ್ ನಡುವೆ ಬಿಲ್ಲಿನ ಹಾಗೆ ಬಾಗಿತು. ಮೇಲಿನ ಹೀಟ್ ಪ್ಲೇಟ್ ಒಂದು ಮೂಲೆಗೆ ಮಾತ್ರ ತಾಗುತ್ತಿತ್ತು. ಓಡಿಸಿದರೆ 84 ಡಿಗ್ರಿ, ಸ್ಪೀಡ್ ಅರ್ಧಕ್ಕರ್ಧ. ಅಡಿಗೆ ಅರ್ಧ ಮಿಲಿಮೀಟರ್, ಮೇಲೆ ಒಂದು ಮಿಲಿಮೀಟರ್ ಹಾಕಿದ ಮೇಲೆ ಅದೇ ಕೆಲಸಕ್ಕೆ 66 ಡಿಗ್ರಿ ದಾಟಲಿಲ್ಲ. ಎಷ್ಟು ದಪ್ಪ ಬೇಕು ಅಂತ ಅಳೆಯಲು ಮಕ್ಕಳು ಆಡುವ ಕ್ಲೇ ಚಿಟಿಕೆಯಷ್ಟನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ನಡುವೆ ಇಟ್ಟು ಒತ್ತಿ ನೋಡಿದ್ದೆ. ಅದು ಚಪ್ಪಟೆಯಾದಷ್ಟೇ ಪ್ಯಾಡ್ ಬೇಕು. ಫ್ಯಾನ್ ಕಡೆಯ ಸ್ಲಾಟಿಗೆ ಯಾವ ಡ್ರೈವ್ ಹಾಕಬೇಕು ಅನ್ನುವುದನ್ನು ನೀವೇ ಎರಡು ಕಡೆಯೂ ಹಾಕಿ ಅಳೆದು ನೋಡಿ. ನನಗೆ ಬಂದ ಉತ್ತರ ನಾನು ಅಂದುಕೊಂಡದ್ದರ ಉಲ್ಟಾ ಇತ್ತು.

ಹಳೇ ಡ್ರೈವಿನಲ್ಲಿ ಇದ್ದದ್ದನ್ನೆಲ್ಲ ಹೊಸದಕ್ಕೆ ಕ್ಲೋನ್ (ಪೂರ್ತಿ ನಕಲು) ಮಾಡುವಾಗ ಇನ್ನೊಂದು ಪೇಚು. ಅದಕ್ಕೆ ಬಳಸುವ ಕ್ಲೋನ್‌ಜಿಲ್ಲಾ ಸಾಫ್ಟ್‌ವೇರ್‌ನಲ್ಲಿ ಡಿಸ್ಕೇ ಕಾಣಲಿಲ್ಲ. ಬಯೋಸ್‌ನಲ್ಲಿ ಎಸ್‌ಎಸ್‌ಡಿಗಳನ್ನು ತನ್ನ ಹಿಡಿತದಲ್ಲಿ ಇಟ್ಟುಕೊಳ್ಳುವ ಇಂಟೆಲ್ ವಿಎಂಡಿ ಆನ್ ಇತ್ತು. ಆಫ್ ಮಾಡಿದೆ, ಡಿಸ್ಕ್ ಬಂತು. ಆದರೆ ಮತ್ತೆ ವಿಂಡೋಸ್‌ಗೆ ಹೋದರೆ ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಎನ್‌ಕ್ರಿಪ್ಷನ್) ನೀಲಿ ಪರದೆ ಹಾಕಿಕೊಂಡು 48 ಅಂಕಿಯ ಕೀ ಕೇಳಿತು. ಬಯೋಸ್ ಬದಲಾದರೆ ಅದು ಕೇಳುತ್ತದೆ ಅಂತ ಗೊತ್ತಿತ್ತು. ಆದರೆ ಬಿಟ್‌ಲಾಕರ್ ಆನ್ ಇದೆ ಅನ್ನುವುದೇ ಗೊತ್ತಿರಲಿಲ್ಲ, ನಾನು ಆನ್ ಮಾಡಿರಲಿಲ್ಲ. ಶನಿವಾರ ರಾತ್ರಿ ಹನ್ನೊಂದು ಗಂಟೆ. ಸೋಮವಾರ ರಿಪೋರ್ಟ್ ಕೊಡಬೇಕು. ಲ್ಯಾಪ್‌ಟಾಪ್ ತಂದ ದಿನ ಸೆಟಪ್‌ಗೆ ಅಂತ ಹಾಕಿದ್ದ ಹಳೇ ಇಮೇಲ್ ಖಾತೆಯಲ್ಲಿ ಕೀ ಸಿಕ್ಕಿತು. ಆ ಖಾತೆಯ ಪಾಸ್‌ವರ್ಡ್ ನೆನಪಿಸಿಕೊಳ್ಳಲು ಒಂದು ಗಂಟೆ ಹಿಡಿಯಿತು. ಈಗ ನನ್ನ ಕ್ರಮ ಇಷ್ಟೇ. ಮೊದಲು ಬಿಟ್‌ಲಾಕರ್ ಪೂರ್ತಿ ತೆಗೆಯುವುದು, ಆಮೇಲೆ ವಿಎಂಡಿ ಆಫ್, ಕ್ಲೋನ್, ಮತ್ತೆ ವಿಎಂಡಿ ಆನ್. ವಿಂಡೋಸ್ ಬಂದ ಮೇಲೆ ಬಿಟ್‌ಲಾಕರ್ ಹಾಕಿ, ಕೀಯನ್ನು ಕಾಗದದಲ್ಲಿ ಪ್ರಿಂಟ್ ಮಾಡಿ ಬೀರುವಿನಲ್ಲಿ ಇಡುವುದು. ಎನ್‌ಕ್ರಿಪ್ಷನ್ ಇಲ್ಲದ ಡಿಸ್ಕ್ ಕ್ಲೋನ್ ಕಾಲು ಗಂಟೆಯ ಕೆಲಸ. ಇದ್ದರೆ ಖಾಲಿ ಜಾಗವನ್ನೂ ಬಿಡದೆ ಎಲ್ಲ ನಕಲು ಮಾಡುತ್ತಾ ಕೂರುತ್ತದೆ.

ಕುತೂಹಲಕ್ಕೆ ಇನ್ನೊಂದು ಪ್ರಯೋಗ ಮಾಡಿದೆ. ಹಳೇ 32 ಜಿಬಿ ವಾಪಸ್ ಹಾಕಿ, ಹೊಸ 4 ಟಿಬಿ ಡ್ರೈವಿನಲ್ಲಿ 200 ಜಿಬಿ ಪೇಜ್ ಫೈಲ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ಕೊಟ್ಟು 900 ಫೋಟೋದ ಅದೇ ಕೆಲಸ ಓಡಿಸಿದೆ. ರ‍್ಯಾಮ್ ಬದಲು ಎಸ್‌ಎಸ್‌ಡಿಯೇ ಸಾಕು ಅಂತ ವಾದ ಮಾಡುವವರು ಜಾಸ್ತಿ ಇದ್ದಾರೆ, ಅಲ್ವಾ? ಕೆಲಸ ಮುಗಿಯಿತು, ನಿಜ. ಆದರೆ ಹತ್ತೊಂಬತ್ತು ಗಂಟೆ ಹಿಡಿಯಿತು, ಮತ್ತು ಡ್ರೈವಿಗೆ ಎರಡು ಟಿಬಿಯಷ್ಟು ಬರಹ ಬಿತ್ತು. 96 ಜಿಬಿ ಹಾಕಿದರೆ ಅದೇ ಕೆಲಸ ನಾಲ್ಕು ಗಂಟೆ ಚಿಲ್ಲರೆ.

ಒಟ್ಟು ಖರ್ಚು, ನಷ್ಟ ಎರಡೂ ಸೇರಿ, ಪ್ಯಾಡ್, ಸ್ಕ್ರೂಡ್ರೈವರ್ ಲೆಕ್ಕ ಹಿಡಿದು ಎಪ್ಪತ್ತೇಳು ಸಾವಿರ. ಕಂಪನಿ ತೊಂಬತ್ತಕ್ಕೆ ಕೊಡುತ್ತೇನೆ ಅಂದದ್ದು 64 ಜಿಬಿ, 2 ಟಿಬಿ. ನನ್ನ ಹತ್ತಿರ ಇರುವುದು 96 ಜಿಬಿ, 6 ಟಿಬಿ. 2025ರ ಅಕ್ಟೋಬರ್ ಆದ ಮೇಲೆ ರ‍್ಯಾಮ್ ರೇಟು ಹೇಗೆ ಏರಿತು ಅಂತ ನಿಮಗೇ ಗೊತ್ತು. ಎಐ ಡೇಟಾ ಸೆಂಟರ್‌ಗಳಿಗೆ ಚಿಪ್ ಹೋಗುತ್ತಿವೆ. ಅದೇ ವರ್ಷ ಡಿಸೆಂಬರ್‌ನಲ್ಲಿ ಮೆಮೊರಿ ಚಿಪ್ ಮಾಡುವ ಮೈಕ್ರಾನ್ ಕಂಪನಿ ತನ್ನ ಕ್ರೂಷಿಯಲ್ ಬ್ರ್ಯಾಂಡಿನ ಮಾರಾಟವನ್ನೇ ನಿಲ್ಲಿಸುತ್ತೇನೆ ಅಂತ ಹೇಳಿತು. ನಾನು ತಂದ ಜೋಡಿಗೆ ಈಗ ಅದೇ ಅಂಗಡಿಯಲ್ಲಿ ಕೇಳಿದರೆ ಎರಡು ಪಟ್ಟಿಗೂ ಜಾಸ್ತಿ ಹೇಳುತ್ತಾರೆ. ಈಗ ಕೊಳ್ಳುವವರು ಒಂದೇ 48 ಹಾಕಿ ಶುರು ಮಾಡಿ, ಇನ್ನೊಂದಕ್ಕೆ ಕಾಯಿರಿ. ಒಂದೇ ಚಾನೆಲ್‌ನಲ್ಲಿ (ಪ್ರೊಸೆಸರ್‌ಗೂ ಮೆಮೊರಿಗೂ ನಡುವಿನ ಒಂದೇ ದಾರಿಯಲ್ಲಿ) ಸ್ವಲ್ಪ ನಿಧಾನವಾದರೂ 32 ಜಿಬಿಗಿಂತ ಜಾಸ್ತಿ ಮೆಮೊರಿ ಸಿಗುತ್ತದೆ.

ಹಳೇ 16ರ ಎರಡು ಸ್ಟಿಕ್, 512ರ ಡ್ರೈವ್ ಮೂರನ್ನೂ ಆಂಟಿಸ್ಟಾಟಿಕ್ ಕವರಿನಲ್ಲಿ ಹಾಕಿ, ಮೇಲೆ ಲ್ಯಾಪ್‌ಟಾಪಿನ ಸೀರಿಯಲ್ ನಂಬರ್ ಬರೆದು ಇಟ್ಟಿದ್ದೇನೆ. ನವೆಂಬರ್‌ನಲ್ಲಿ ಫ್ಯಾನ್ ಸದ್ದು ಮಾಡಿತು, ಕಂಪನಿ ಎಂಜಿನಿಯರ್ ಆಫೀಸಿಗೇ ಬಂದರು. ಮುಚ್ಚಳ ಬಿಚ್ಚಿ ನೋಡಿ, ‘ಒರಿಜಿನಲ್ ಪಾರ್ಟ್ಸ್ ಇಟ್ಕೊಂಡಿದೀರಾ ಸಾರ್?’ ಅಂತ ಒಂದೇ ಮಾತು ಕೇಳಿದರು. ಕವರ್ ತೋರಿಸಿದೆ. ಹೊಸ ಫ್ಯಾನ್ ಹಾಕಿ, ವಾರಂಟಿ ಕಾಗದಕ್ಕೆ ಸಹಿ ಹಾಕಿಸಿಕೊಂಡು ಹೋದರು. ಭಾವ ಪಕ್ಕದ ಟೇಬಲ್ಲಿನಲ್ಲೇ ಕೂತಿದ್ದರು. ಸಂಜೆ ಹೊರಡುವಾಗ, ಮನೆಯಲ್ಲಿ ಮಗಳ ಲ್ಯಾಪ್‌ಟಾಪ್ ತುಂಬಾ ನಿಧಾನ ಆಗಿದೆ, ಭಾನುವಾರ ಬಂದು ಸ್ವಲ್ಪ ಬಿಚ್ಚಿ ನೋಡ್ತೀಯಾ ಅಂತ ಕೇಳಿದರು.