ಇರಾನಿನ ಬದುಕಿನ ಕಥೆಯನ್ನು ಕೇಳಿ ದಾಖಲಿಸುವ ಬಗೆ

ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಿ ಶಿಯಾ ಮುಸ್ಲಿಮರೇ ಹೆಚ್ಚು. ಇರಾನಿನ ಖುಮ್ ನಗರಕ್ಕೆ ಧಾರ್ಮಿಕ ಶಿಕ್ಷಣಕ್ಕಾಗಿ ಹೋಗಿಬಂದವರು ಆ ಊರಿನಲ್ಲಿ ಸಿಗುತ್ತಾರೆ; ಮುಂದೆ ಇರಾನಿನ ಸರ್ವೋಚ್ಚ ನಾಯಕರಾದ ಅಲಿ ಖಮೇನಿ 1980ರ ದಶಕದಲ್ಲಿ ಅಲೀಪುರಕ್ಕೆ ಭೇಟಿ ನೀಡಿದ್ದರು. ಇತ್ತ ಬೆಂಗಳೂರಿನ ಕಾಲೇಜುಗಳಿಗೆ ಇರಾನಿನಿಂದ ವಿದ್ಯಾರ್ಥಿಗಳು ಬರುವುದೂ ಹೊಸದಲ್ಲ. ಆದ್ದರಿಂದ ಚಿಕ್ಕಬಳ್ಳಾಪುರ ಜಿಲ್ಲೆಯ ಇತಿಹಾಸದ ವಿದ್ಯಾರ್ಥಿಗಳೂ ಅಧ್ಯಾಪಕರೂ ಮನಸ್ಸು ಮಾಡಿದರೆ, ಆ ದೇಶದ ರಾಜಕೀಯ ಮತ್ತು ಧಾರ್ಮಿಕ ಕ್ಷೋಭೆಗಳು ಸಾಮಾನ್ಯರ ಬದುಕನ್ನು ಹೇಗೆ ತಿರುಗಿಸಿದವು ಎಂಬುದನ್ನು ಕಂಡವರ ಬಾಯಿಂದಲೇ ಕೇಳಿ ಬರೆದುಕೊಳ್ಳಬಹುದು. ಅದಕ್ಕೆ ಬೇಕಾದ ಸಿದ್ಧತೆಯ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲ ಪ್ರಶ್ನೆ, ಷಾ ಎಂಬ ಬಿರುದಿನ ದೊರೆಯನ್ನು ಕೆಳಗಿಳಿಸಿ ಧಾರ್ಮಿಕ ಸರ್ಕಾರವನ್ನು ತಂದ 1979ರ ಕ್ರಾಂತಿಯ ಬಗ್ಗೆ ಇರಬಾರದು, ಹುಟ್ಟಿದ ವರ್ಷದ ಬಗ್ಗೆ ಇರಬೇಕು. ಒಂದೇ ಘಟನೆ ಹತ್ತು ವರ್ಷದ ಹುಡುಗನಿಗೆ ಶಾಲೆಗೆ ರಜೆಯಾಗಿ, ಇಪ್ಪತ್ತರ ಯುವಕನಿಗೆ ಸೈನ್ಯದ ಕರೆಯಾಗಿ, ನಲವತ್ತರ ನೌಕರನಿಗೆ ಕೆಲಸದಿಂದ ವಜಾ ಆಗಿ ಬಂದಿರಬಹುದು. ಹಾಗಾಗಿ ನೋಟ್‌ಬುಕ್ಕಿನ ಒಂದು ಪುಟದಲ್ಲಿ ಎಡಕ್ಕೆ ಮುಖ್ಯ ಇಸವಿಗಳನ್ನೂ, ಬಲಕ್ಕೆ ಆಗ ಹೇಳುವವರಿಗೆ ಎಷ್ಟು ವಯಸ್ಸಾಗಿತ್ತು ಎಂಬುದನ್ನೂ ಬರೆದುಕೊಳ್ಳಿ. ಎಡಭಾಗದಲ್ಲಿ ಕನಿಷ್ಠ ಇವು ಇರಲಿ: ತೈಲ ರಾಷ್ಟ್ರೀಕರಣ ಮಾಡಿದ ಪ್ರಧಾನಿ ಮೊಸದ್ದೆಗ್ ಅವರನ್ನು ಅಮೆರಿಕ ಮತ್ತು ಬ್ರಿಟನ್ನಿನ ಗುಪ್ತಚರ ಸಂಸ್ಥೆಗಳ ನೆರವಿನಿಂದ ಉರುಳಿಸಿದ 1953ರ ಆಗಸ್ಟ್, ಭೂಸುಧಾರಣೆ ಮತ್ತು ಮಹಿಳೆಯರ ಮತದಾನದ ಹಕ್ಕನ್ನು ಒಳಗೊಂಡ ಷಾ ಅವರ ‘ಶ್ವೇತ ಕ್ರಾಂತಿ’ಯ 1963, ಮುಂದೆ ಕ್ರಾಂತಿಯ ನಾಯಕರಾದ ಧರ್ಮಗುರು ಖೊಮೇನಿ ಗಡೀಪಾರಾದ 1964, ಕ್ರಾಂತಿ ಗೆದ್ದ 1979ರ ಫೆಬ್ರುವರಿ 11, ಇರಾಕ್ ಯುದ್ಧದ 1980ರಿಂದ 1988, ಖೊಮೇನಿ ತೀರಿಕೊಂಡ 1989, ವಿವಾದಿತ ಚುನಾವಣೆಯ ವಿರುದ್ಧ ಜನ ಬೀದಿಗಿಳಿದ 2009, ಹಿಜಾಬ್ ಸರಿಯಿಲ್ಲವೆಂದು ಪೊಲೀಸರು ಹಿಡಿದೊಯ್ದ ಯುವತಿ ಮಹ್ಸಾ ಅಮಿನಿ ಸಾವಿನ 2022.

ಇಲ್ಲಿ ಒಂದು ತೊಡಕಿದೆ. ಇರಾನಿನವರು ಇಸವಿ ಹೇಳುವುದು ಅವರ ಸೌರ ಪಂಚಾಂಗದ ಪ್ರಕಾರ. ಆ ವರ್ಷ ನಮ್ಮ ಯುಗಾದಿಯ ಆಸುಪಾಸಿನಲ್ಲಿ, ಮಾರ್ಚ್ 21ರ ಹೊತ್ತಿಗೆ ಶುರುವಾಗುತ್ತದೆ. ಮಾರ್ಚ್ 21ರಿಂದ ಡಿಸೆಂಬರ್‌ವರೆಗಿನ ದಿನಗಳಿಗೆ 621ನ್ನೂ, ಜನವರಿಯಿಂದ ಮಾರ್ಚ್ 20ರವರೆಗಿನ ದಿನಗಳಿಗೆ 622ನ್ನೂ ಕೂಡಿಸಿದರೆ ನಮ್ಮ ಇಸವಿ ಬರುತ್ತದೆ. ಬಹಮನ್ ತಿಂಗಳ 22, 1357 ಎಂದರೆ 1979ರ ಫೆಬ್ರುವರಿ 11. ಯಾರದ್ದಾದರೂ ಜನನ ಪತ್ರದಲ್ಲಿ 2535 ಅಥವಾ 2536 ಎಂದು ಕಂಡರೆ ಗಾಬರಿಯಾಗಬೇಕಿಲ್ಲ. 1976ರಲ್ಲಿ ಷಾ ಅವರು ಪ್ರವಾದಿಯವರು ಮೆಕ್ಕಾದಿಂದ ಮದೀನಾಕ್ಕೆ ವಲಸೆ ಹೋದ (ಹಿಜ್ರತ್) ವರ್ಷದಿಂದ ಎಣಿಸುವ ಲೆಕ್ಕವನ್ನು ಬಿಟ್ಟು, ಪ್ರಾಚೀನ ಪರ್ಷಿಯಾದ ದೊರೆ ಸೈರಸ್‌ನ ಕಾಲದಿಂದ ವರ್ಷ ಎಣಿಸುವಂತೆ ಆಜ್ಞೆ ಮಾಡಿದ್ದರು. ಧಾರ್ಮಿಕರ ಕೋಪಕ್ಕೆ ಗುರಿಯಾದ ಆ ಲೆಕ್ಕವನ್ನು 1978ರಲ್ಲಿ ಕೈಬಿಡಲಾಯಿತು. ಆ ಸಂಖ್ಯೆಯಿಂದ 1180 ಕಳೆದರೆ ಮೊದಲಿನ ಲೆಕ್ಕ ಸಿಗುತ್ತದೆ. ಇಸವಿಯೇ ನೆನಪಿಲ್ಲದವರ ವಿಷಯದಲ್ಲಿ ಬೀದಿಯ ಹೆಸರು ನೆರವಿಗೆ ಬರುತ್ತದೆ: ಟೆಹರಾನಿನ ಉದ್ದನೆಯ ಮುಖ್ಯ ರಸ್ತೆ ಕ್ರಾಂತಿಗೆ ಮೊದಲು ಪಹ್ಲವಿ, ಕ್ರಾಂತಿಯಾದ ಹೊಸತರಲ್ಲಿ ಮೊಸದ್ದೆಗ್, ಅನಂತರ ವಲಿ ಅಸ್ರ್ ಎಂದು ಹೆಸರು ಬದಲಿಸಿಕೊಂಡಿತು.

ವಯಸ್ಸಿನ ಪಟ್ಟಿ ಸಿದ್ಧವಾದ ಮೇಲೆ ಪ್ರಶ್ನೆಗಳನ್ನು ಮನೆ, ಶಾಲೆ, ಮದುವೆ, ನೌಕರಿಗಳ ಸುತ್ತ ಕಟ್ಟಿ. ‘ಕ್ರಾಂತಿ ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ’ ಎಂದು ಕೇಳಿದರೆ ಸಿಗುವುದು ಭಾಷಣ ಮಾತ್ರ. 1959ರ ಸುಮಾರಿಗೆ ಹುಟ್ಟಿದವರಾದರೆ, 1980ರಲ್ಲಿ ‘ಸಾಂಸ್ಕೃತಿಕ ಕ್ರಾಂತಿ’ಯ ಹೆಸರಿನಲ್ಲಿ ವಿಶ್ವವಿದ್ಯಾಲಯಗಳನ್ನು ಮುಚ್ಚಿದಾಗ ಅವರು ಏನು ಮಾಡಿದರು ಎಂದು ಕೇಳಿ, ಅವು ಮತ್ತೆ ಹಂತಹಂತವಾಗಿ ತೆರೆಯುವುದಕ್ಕೆ ಎರಡು ವರ್ಷಕ್ಕೂ ಹೆಚ್ಚು ಹಿಡಿಯಿತು. ಗಂಡಸಾದರೆ ಕಡ್ಡಾಯ ಸೈನ್ಯಸೇವೆಯನ್ನು ಎಲ್ಲಿ ಮಾಡಿದರು ಎಂಬ ಒಂದು ಪ್ರಶ್ನೆಯೇ ಯುದ್ಧದ ಎಂಟು ವರ್ಷಗಳನ್ನು ತೆರೆದಿಡಬಹುದು. 1980ರ ದಶಕದಲ್ಲಿ ಹುಟ್ಟಿದವರನ್ನು ಶಾಲೆಯ ಪಾಳಿಯ ಬಗ್ಗೆ ಕೇಳಿ. ಯುದ್ಧಕಾಲದಲ್ಲಿ ಒಬ್ಬ ತಾಯಿಗೆ ಸರಾಸರಿ ಆರಕ್ಕೂ ಹೆಚ್ಚು ಮಕ್ಕಳಾಗುತ್ತಿದ್ದುದರಿಂದ ಒಂದೇ ಕಟ್ಟಡದಲ್ಲಿ ದಿನಕ್ಕೆರಡು, ಕೆಲವೆಡೆ ಮೂರು ಪಾಳಿಗಳಲ್ಲಿ ತರಗತಿಗಳು ನಡೆದವು. ಅದೇ ಧಾರ್ಮಿಕ ಸರ್ಕಾರ 1989ರಲ್ಲಿ ಕುಟುಂಬ ಯೋಜನೆಯನ್ನು ಮತ್ತೆ ಕೈಗೆತ್ತಿಕೊಂಡಿತು. ಸುಮಾರು ಹತ್ತೇ ವರ್ಷಗಳಲ್ಲಿ ಆ ಸರಾಸರಿ ಎರಡರ ಹತ್ತಿರಕ್ಕೆ ಇಳಿಯಿತು. ಆ ಸರ್ಕಾರವನ್ನು ಒಂದೇ ಬಣ್ಣದಲ್ಲಿ ಬಳಿಯುವವರು ಈ ಸಂಗತಿಯನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಹೆಂಗಸರ ಬದುಕನ್ನು ಕೇಳುವಾಗ ಹೆಚ್ಚು ಸಮಯ ಕೊಡಿ. ಸಾಧ್ಯವಾದರೆ ಮಹಿಳೆಯೊಬ್ಬರೇ ಹೋಗಿ ಕೇಳಲಿ. 1936ರಲ್ಲಿ ಹಿಂದಿನ ದೊರೆ, ಷಾ ಅವರ ತಂದೆ ರೆಜಾ ಷಾ ಅವರು ಪರದೆಯನ್ನೇ ನಿಷೇಧಿಸಿದಾಗ ಪೊಲೀಸರು ಬೀದಿಯಲ್ಲಿ ಹೆಂಗಸರು ಮೈತಲೆ ಮುಚ್ಚಿಕೊಳ್ಳುವ ಚಾದರ್ ಎಳೆದದ್ದುಂಟು, ಆ ಅವಮಾನಕ್ಕೆ ಹೆದರಿ ಅನೇಕರು ಮನೆಯಿಂದ ಹೊರಬರುವುದನ್ನೇ ನಿಲ್ಲಿಸಿದ್ದುಂಟು. 1979ರ ಮಾರ್ಚ್‌ನಲ್ಲಿ, ಕಡ್ಡಾಯ ಹಿಜಾಬಿನ ಸೂಚನೆ ಬಂದ ಕೂಡಲೇ, ಟೆಹರಾನಿನ ಸಾವಿರಾರು ಮಹಿಳೆಯರು ಅದನ್ನು ವಿರೋಧಿಸಿ ಮೆರವಣಿಗೆ ಮಾಡಿದರು. 1983ರಲ್ಲಿ ತಲೆ ಮುಚ್ಚದಿರುವುದು ಕಾನೂನಿನ ಪ್ರಕಾರ ಶಿಕ್ಷಾರ್ಹವಾಯಿತು. ಅಂದರೆ ಅಜ್ಜಿಗೆ ಮುಚ್ಚಿಕೊಂಡದ್ದಕ್ಕೆ, ಮೊಮ್ಮಗಳಿಗೆ ಮುಚ್ಚಿಕೊಳ್ಳದ್ದಕ್ಕೆ ದಂಡನೆ. ನ್ಯಾಯಾಧೀಶೆಯಾಗಿದ್ದ ಶಿರಿನ್ ಎಬಾದಿ ಕ್ರಾಂತಿಯ ನಂತರ ಆ ಹುದ್ದೆ ಕಳೆದುಕೊಂಡರು. 2003ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಹಾಗೆಯೇ, ಮೊದಲು ಮಗಳನ್ನು ಕಾಲೇಜಿಗೆ ಕಳುಹಿಸಲು ಒಪ್ಪದಿದ್ದ ಸಂಪ್ರದಾಯಸ್ಥ ಮನೆಗಳು ಕ್ರಾಂತಿಯ ನಂತರ ಒಪ್ಪಿದವು. 2000ದ ದಶಕದ ಆರಂಭಕ್ಕೆ ವಿಶ್ವವಿದ್ಯಾಲಯ ಸೇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೆಣ್ಣುಮಕ್ಕಳು. ಈ ಎರಡೂ ನಿಮ್ಮ ಬರಹದಲ್ಲಿ ಇರಬೇಕು, ಒಂದು ಇನ್ನೊಂದನ್ನು ಅಳಿಸುವಂತೆ ಬರೆಯಬಾರದು.

ಧರ್ಮ ಯಾವುದೆಂದು ತಿಳಿಯುವುದೂ ಅಗತ್ಯ, ಆದರೆ ನೇರವಾಗಿ ಕೇಳಬೇಡಿ. ಹಬ್ಬಗಳ ಬಗ್ಗೆ ಕೇಳಿದರೆ ತಾನಾಗಿ ತಿಳಿಯುತ್ತದೆ. ಜರತುಷ್ಟ್ರನ ಅನುಯಾಯಿಗಳು (ನಮ್ಮ ಪಾರ್ಸಿಗಳ ಧರ್ಮದವರು), ಯಹೂದಿಗಳು ಮತ್ತು ಕ್ರೈಸ್ತರಿಗೆ ಇರಾನಿನ ಸಂವಿಧಾನದ ಮಾನ್ಯತೆ ಮತ್ತು ಸಂಸತ್ತಿನಲ್ಲಿ ಮೀಸಲು ಸ್ಥಾನಗಳಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇರಾನಿನಲ್ಲೇ ಹುಟ್ಟಿದ ಬಹಾಯಿ ಧರ್ಮದವರಿಗೆ ಆ ಮಾನ್ಯತೆ ಇಲ್ಲ. ಅವರಿಗೆ ಉನ್ನತ ಶಿಕ್ಷಣದ ಬಾಗಿಲನ್ನೇ ಮುಚ್ಚಲಾಯಿತು. ಬಹಾಯಿ ಮನೆತನದವರೊಬ್ಬರು ಭಾರತದಲ್ಲಿ ಏಕೆ ಓದಿದರು ಎಂಬುದಕ್ಕೆ ಕೆಲವೊಮ್ಮೆ ಇದೇ ಉತ್ತರವಾಗಿರುತ್ತದೆ.

ಅಲೀಪುರದ ಹಿರಿಯರನ್ನು ಕೇಳುವಾಗ ಬೇರೆಯೇ ಎಚ್ಚರ ಬೇಕು. ಅವರು ಇರಾನಿಯರಲ್ಲ, ಕನ್ನಡ ನಾಡಿನವರು. ಖುಮ್‌ನಲ್ಲಿ ಅವರು ಕಂಡದ್ದು ಮದರಸಾದ ವಿದ್ಯಾರ್ಥಿಯ ಕಣ್ಣಿಗೆ ಬಿದ್ದ ಇರಾನ್. ಅದನ್ನು ಅಬಾದಾನಿನ ತೈಲ ಕಾರ್ಮಿಕನ ಅಥವಾ ಟೆಹರಾನಿನ ಶಿಕ್ಷಕಿಯ ಅನುಭವದೊಡನೆ ಬೆರೆಸಬೇಡಿ. ಆದರೆ ಒಂದು ವಿಷಯವನ್ನು ಅವರಷ್ಟು ಚೆನ್ನಾಗಿ ಬೇರೆಯವರು ತಿಳಿಸಲಾರರು. ಕೋಲಾರ, ತುಮಕೂರು ಕಡೆಯ ಹಳ್ಳಿಗಳವರಿಗೆ ಮೊಹರಂ ಎಂದರೆ ಬಾಬಯ್ಯನ ಹಬ್ಬ, ಕೊಂಡ, ಕುಣಿತ. ಶಿಯಾಗಳಿಗೆ ಅದು ಕರ್ಬಲಾದಲ್ಲಿ ಪ್ರವಾದಿಯವರ ಮೊಮ್ಮಗ ಹುಸೇನರು ಅನ್ಯಾಯದ ಅರಸನಿಗೆ ತಲೆಬಾಗದೆ ಮಡಿದ ಶೋಕದ ದಿನ. 1978ರ ಡಿಸೆಂಬರ್ 10 ಮತ್ತು 11ರಂದು, ಮೊಹರಂ ತಿಂಗಳ ಒಂಬತ್ತನೆಯ ಮತ್ತು ಹತ್ತನೆಯ ದಿನ, ಇರಾನಿನಲ್ಲಿ ಲಕ್ಷಾಂತರ ಜನ ಬೀದಿಗಿಳಿದಾಗ ಷಾ ಅವರನ್ನು ಜನ ಆ ಅರಸ ಯಜೀದನ ಜಾಗದಲ್ಲಿ ನಿಲ್ಲಿಸಿದ್ದರು. ಶೋಕಾಚರಣೆ ರಾಜಕೀಯ ಬಲವಾದದ್ದು ಹೇಗೆಂದು ಕೇಳಲು ಅಲೀಪುರಕ್ಕಿಂತ ಹತ್ತಿರದ ಜಾಗ ನಮಗಿಲ್ಲ. ಆದರೆ ಮೊಹರಂನ ಮೊದಲ ಹತ್ತು ದಿನಗಳಲ್ಲಿ ಸಂದರ್ಶನಕ್ಕೆಂದು ಹೋಗಬೇಡಿ.

ಮೊಬೈಲ್‌ನಲ್ಲಿ ಧ್ವನಿ ಮುದ್ರಿಸಿಕೊಳ್ಳುವುದಕ್ಕೆ ಮೊದಲೇ ಒಪ್ಪಿಗೆ ಪಡೆಯಿರಿ, ಒಪ್ಪದಿದ್ದರೆ ಕೈಬರಹ ಸಾಕು. ಇರಾನಿನಲ್ಲಿ ಬಂಧುಗಳಿರುವವರಿಗೆ ಅಪರಿಚಿತರ ಬಳಿ ಉಳಿದ ಧ್ವನಿಯೂ ಅಪಾಯವಾಗಬಹುದು. ಅಂಥವರ ಹೆಸರು, ಊರು, ಕಾಲೇಜುಗಳನ್ನು ಮೊದಲ ಕರಡಿನಲ್ಲೇ ಬದಲಿಸಿಬಿಡಿ. 1988ರ ಬೇಸಿಗೆಯಲ್ಲಿ ಸಾವಿರಾರು ರಾಜಕೀಯ ಕೈದಿಗಳನ್ನು ಜೈಲಿನಲ್ಲಿ ಕೊಲ್ಲಲಾಯಿತು. ಆ ವರ್ಷದ ಮಾತು ಬಂದಾಗ ಹೇಳುವವರು ಸುಮ್ಮನಾದರೆ ಒತ್ತಾಯಿಸದೆ ಮುಂದಿನ ಪ್ರಶ್ನೆಗೆ ಹೋಗಿ. ಬರೆದದ್ದನ್ನು ಅವರಿಗೆ ಓದಿ ಹೇಳಿ, ಬೇಡವೆಂದ ಸಾಲುಗಳನ್ನು ಅವರ ಎದುರಿನಲ್ಲೇ ಹೊಡೆದುಹಾಕಿ, ತಿದ್ದಿದ ಒಂದು ಪ್ರತಿಯನ್ನು ಅವರ ಬಳಿಯೇ ಬಿಟ್ಟುಬನ್ನಿ.