ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಅಡ್ಮಿನ್ ಆಗಿಬಿಟ್ಟಿದ್ದೀರಾ? ಕೆಲವು ಕೆಲಸ ಈಗಲೇ ಮಾಡಿ

ತಲೆ ತುಂಬ ಶಾಂಪೂ ನೊರೆ, ಸೊಂಟಕ್ಕೆ ಟವೆಲ್. ಮೂರನೇ ಮಹಡಿಯ ಹುಡುಗ ಹಾಗೆಯೇ ನಮ್ಮ ಮನೆ ಬಾಗಿಲಿಗೆ ಬಂದು ನಿಂತಿದ್ದ. "ಆಂಟಿ, ನೀರು ನಿಲ್ಲುತ್ತೆ ಅಂತ ಒಂದು ಮಾತು ಹೇಳಬಾರದಿತ್ತಾ?"

ಹೇಳಿದ್ದೆ. ಹಿಂದಿನ ರಾತ್ರಿಯೇ ಗ್ರೂಪಿನಲ್ಲಿ ಹಾಕಿದ್ದೆ. ಅವನು ಹೋದ ಮೇಲೆ ಫೋನ್ ತೆಗೆದು ಎಣಿಸಿದೆ. ಟ್ಯಾಂಕ್ ತೊಳೆಯುವ ನನ್ನ ಸೂಚನೆಯ ಮೇಲೆ 61 ಮೆಸೇಜು ಕೂತಿದ್ದವು. ಒಬ್ಬರ ಹುಟ್ಟುಹಬ್ಬ, ಅದಕ್ಕೆ ಕೈಮುಗಿದ ಚಿತ್ರಗಳ ಸಾಲು, ಪಾರ್ಕಿಂಗ್ ಬಗ್ಗೆ ಸಣ್ಣ ಜಗಳ, ಬೆಳಗಾಗುತ್ತಲೇ ಗುಲಾಬಿ ಹೂವಿನ ಶುಭೋದಯಗಳು.

ನಮ್ಮದು 84 ಮನೆಗಳ ಕಟ್ಟಡ, ಗ್ರೂಪಿನಲ್ಲಿ 137 ಜನ. ನಾನು ಲೆಕ್ಕಪತ್ರ ನೋಡುವ ಕೆಲಸದವಳು. ಸಭೆಯಲ್ಲಿ "ಅಡ್ಮಿನ್ ಯಾರಾಗ್ತೀರಿ?" ಅಂತ ಕೇಳಿದಾಗ ಎಲ್ಲರೂ ಫೋನ್ ನೋಡುತ್ತಿದ್ದರು, ನಾನೊಬ್ಬಳು ತಲೆ ಎತ್ತಿಬಿಟ್ಟೆ. ಅಷ್ಟೇ ನನ್ನ ಅರ್ಹತೆ. ಹಿಂದೆ ಗೇಟಿನ ಪಕ್ಕ ನೋಟಿಸ್ ಬೋರ್ಡ್ ಇದ್ದಾಗ ಯಾರೂ ಅಲ್ಲಿ ನಿಂತು ಹರಟುತ್ತಿರಲಿಲ್ಲ, ಆದರೆ ನೀರು ಯಾವಾಗ ನಿಲ್ಲುತ್ತೆ ಅನ್ನೋದು ಎಲ್ಲರಿಗೂ ಗೊತ್ತಿರುತ್ತಿತ್ತು. ಬೋರ್ಡಿನ ಕೆಲಸ, ಹರಟೆಯ ಕೆಲಸ ಎರಡನ್ನೂ ಒಂದೇ ಗ್ರೂಪಿಗೆ ತುಂಬಿದ್ದೇ ನಮ್ಮ ತಪ್ಪು.

ಅದಕ್ಕೆ ನಿಮ್ಮ ಮೊದಲ ಕೆಲಸ ಇದು: ಎರಡು ಗ್ರೂಪು ಮಾಡಿ. ಒಂದರಲ್ಲಿ ಸೂಚನೆ ಮಾತ್ರ, ಅಡ್ಮಿನ್ ಮಾತ್ರ ಬರೆಯಬೇಕು. ವಾಟ್ಸಾಪಿನಲ್ಲಿ ಈ ಸೌಲಭ್ಯ 2018ರಿಂದಲೇ ಇದೆ. ಗ್ರೂಪಿನ ಸೆಟ್ಟಿಂಗ್ಸಿಗೆ ಹೋಗಿ, ಮೆಸೇಜ್ ಕಳಿಸುವ ಅವಕಾಶವನ್ನು ಅಡ್ಮಿನ್‌ಗಳಿಗೆ ಮಾತ್ರ ಉಳಿಸಿದರೆ ಆಯಿತು. 2022ರಲ್ಲಿ ಕಮ್ಯುನಿಟಿ ಅನ್ನೋದು ಬಂತು, ಹಲವು ಗ್ರೂಪುಗಳನ್ನು ಒಂದೇ ಕಡೆ ಕೂಡಿಸಿಡುವ ಸೌಲಭ್ಯ. ಅದನ್ನು ಶುರು ಮಾಡಿದರೆ ಪ್ರಕಟಣೆಯ ಗ್ರೂಪು ತಾನಾಗಿಯೇ ಹುಟ್ಟುತ್ತದೆ, ಹರಟೆಯ ಗ್ರೂಪನ್ನು ಅದರ ಕೆಳಗೆ ಸೇರಿಸಿಕೊಳ್ಳಬಹುದು. ಜನರಿಗೆ ಒಂದೇ ಮಾತು ಹೇಳಿ: "ಹರಟೆ ಗ್ರೂಪಿನ ಸದ್ದು ಬೇಕಾದರೆ ಬಂದ್ ಮಾಡಿ, ಸೂಚನೆ ಗ್ರೂಪಿನದು ಮಾಡಬೇಡಿ."

ಸೂಚನೆ ಬರೆಯುವುದೂ ಒಂದು ಕೆಲಸವೇ. "ನಾಳೆ ನೀರು ಇರಲ್ಲ" ಅಂತ ಬರೆದರೆ ಸಾಲದು. ಮರುದಿನ ಓದಿದವರಿಗೆ ನಾಳೆ ಅಂದರೆ ಯಾವ ನಾಳೆ? ನಾನು ಈಗ ಹೀಗೆ ಬರೆಯುತ್ತೇನೆ:

"12ನೇ ತಾರೀಖು ಗುರುವಾರ, ಬೆಳಗ್ಗೆ 7ರಿಂದ 11. ಇಡೀ ಕಟ್ಟಡಕ್ಕೆ ನೀರು ಇಲ್ಲ. ಟ್ಯಾಂಕ್ ತೊಳೆಯುತ್ತೇವೆ. ಬುಧವಾರ ರಾತ್ರಿಯೇ ಬಕೆಟ್ ತುಂಬಿಸಿಕೊಳ್ಳಿ. ಏನಾದರೂ ಕೇಳಬೇಕಿದ್ದರೆ ನನಗೆ ಫೋನ್ ಮಾಡಿ."

ಇದನ್ನು ಅಕ್ಷರದಲ್ಲೇ ಹಾಕಿ. ಬಣ್ಣಬಣ್ಣದ ಪೋಸ್ಟರ್ ಮಾಡಿ ಚಿತ್ರವಾಗಿ ಹಾಕಬೇಡಿ. ನಾನೂ ಮಾಡಿದ್ದೆ, ಚೆನ್ನಾಗೇ ಕಾಣುತ್ತಿತ್ತು. ಎರಡನೇ ಮಹಡಿಯಲ್ಲಿ ಕಣ್ಣು ಕಾಣದವರೊಬ್ಬರಿದ್ದಾರೆ. ಅವರ ಫೋನ್ ಮೆಸೇಜುಗಳನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ನನ್ನ ಪೋಸ್ಟರ್ ಬಂದಾಗ ಅದು "ಫೋಟೋ" ಅಂತಷ್ಟೇ ಹೇಳಿ ಸುಮ್ಮನಾಯಿತಂತೆ. ಚಿತ್ರದ ಒಳಗಿನ ಮಾತು ಆಮೇಲೆ ಹುಡುಕುವಾಗ ಸಿಗೋದೂ ಕಷ್ಟ. ಧ್ವನಿ ಮೆಸೇಜೂ ಅಷ್ಟೇ, ಮೀಟಿಂಗಿನಲ್ಲಿ ಕೂತವರು ಅದನ್ನು ಹೇಗೆ ಕೇಳಿಸಿಕೊಳ್ಳಬೇಕು?

ಇನ್ನು ಹರಟೆ ಗ್ರೂಪು. ಇಲ್ಲಿ ನಾನು ಮಾಡಿದ ದೊಡ್ಡ ತಪ್ಪನ್ನು ನೀವು ಮಾಡಬೇಡಿ. ಶಾಂಪೂ ಪ್ರಸಂಗದ ಸಿಟ್ಟಿನಲ್ಲಿ "ಇನ್ನು ಮೇಲೆ ಶುಭೋದಯ ಕಳಿಸುವಂತಿಲ್ಲ" ಅಂತ ಅಲ್ಲೂ ಒಂದು ನಿಯಮ ಹಾಕಿಬಿಟ್ಟೆ. ಎಲ್ಲರೂ ಪಾಲಿಸಿದರು. ಗ್ರೂಪು ತಣ್ಣಗಾಯಿತು. ನನಗೋ ಒಳಗೊಳಗೇ ಖುಷಿ.

ಆರನೇ ಮಹಡಿಯಲ್ಲಿ ಒಬ್ಬ ಅಜ್ಜಿ ಒಬ್ಬರೇ ಇದ್ದಾರೆ. ದಿನಾ ಬೆಳಗ್ಗೆ ಐದೂವರೆಗೆ ಅವರದೊಂದು ಹೂವು ಬರುತ್ತಿತ್ತು. ನಿಯಮ ಬಂದ ಮೇಲೆ ನಿಂತಿತು. ಎರಡು ವಾರ ಆಗಿರಬಹುದು, ಎದುರು ಮನೆಯಾಕೆ ಸಿಕ್ಕು ಕೇಳಿದಳು: "ಅಜ್ಜಿಯ ಹೂವು ಯಾಕೆ ನಿಲ್ಲಿಸಿಬಿಟ್ಟಿರಿ? ಅದು ಬಂದರೆ ಅಜ್ಜಿ ಎದ್ದಿದ್ದಾರೆ ಅಂತ ನನಗೆ ಗೊತ್ತಾಗುತ್ತಿತ್ತು. ಆರೂವರೆಯಾದರೂ ಬರದಿದ್ದರೆ ನಾನು ಬಾಗಿಲು ತಟ್ಟುತ್ತಿದ್ದೆ." ನಾನು ಕಸ ಅಂದುಕೊಂಡದ್ದು ಅವರಿಬ್ಬರಿಗೆ ಹಾಜರಿ ಪುಸ್ತಕವಾಗಿತ್ತು. ಅವತ್ತೇ ನಿಯಮ ತೆಗೆದೆ. ಹರಟೆಗೆ ಜಾಗ ಬೇರೆ ಕೊಡಿ, ಬಾಯಿಗೆ ಬೀಗ ಹಾಕಬೇಡಿ.

ಬೀಗ ಹಾಕಬೇಕಾದ ಒಂದು ವಿಷಯ ಇದೆ, ಅದು ಗಾಳಿಸುದ್ದಿ. ಒಂದು ಮೆಸೇಜಿನ ಮೇಲೆ ಎರಡು ಬಾಣದ ಗುರುತು ಕಂಡರೆ, ಅದು ಕೈಯಿಂದ ಕೈಗೆ ತುಂಬಾ ಸಲ ದಾಟಿ ಬಂದಿದೆ ಅಂತ ಅರ್ಥ. ಒಂದು ಮೆಸೇಜನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಫಾರ್ವರ್ಡ್ ಮಾಡಲಾಗದಂತೆ ವಾಟ್ಸಾಪ್ 2019ರಲ್ಲಿ ಎಲ್ಲ ದೇಶಗಳಲ್ಲೂ ಮಿತಿ ಹಾಕಿತು. 2020ರ ಏಪ್ರಿಲ್‌ನಲ್ಲಿ ಈ ಎರಡು ಬಾಣದವನ್ನು ಒಂದು ಸಲಕ್ಕೆ ಒಂದೇ ಕಡೆಗೆ ಅಂತ ಬಿಗಿ ಮಾಡಿತು. ಅದಕ್ಕಿಂತ ಮುಂದೆ ಹೋಗಿ ಮೆಸೇಜಿನ ಒಳಗೆ ಏನಿದೆ ಅಂತ ಅವರು ಓದುವ ಹಾಗಿಲ್ಲ. 2016ರಿಂದ ಕಳಿಸಿದವರು, ಪಡೆದವರು ಬಿಟ್ಟು ಬೇರೆ ಯಾರಿಗೂ ಓದಲಾಗದಂತೆ ಮಾತುಗಳಿಗೆ ಗೂಢಲಿಪಿ ಇದೆ. ಅಂದರೆ ನಿಮ್ಮ ಗ್ರೂಪಿಗೆ ಬಂದ ಸುಳ್ಳನ್ನು ಗ್ರೂಪಿನೊಳಗಿನವರೇ ನೋಡಿ ಹಿಡಿಯಬೇಕು.

ನಮ್ಮಲ್ಲಿ ಒಮ್ಮೆ ಒಬ್ಬ ಯುವಕನ ಫೋಟೋ ಬಂತು. "ಇವನು ಮನೆ ಮನೆ ನೋಡಿಕೊಂಡು ಓಡಾಡುತ್ತಿದ್ದಾನೆ, ಹುಷಾರು." ಅರ್ಧ ಗಂಟೆಯಲ್ಲಿ ಆ ಹುಡುಗ ಕಳ್ಳನೇ ಆಗಿಹೋದ. ನಾನು ಗ್ರೂಪಿನಲ್ಲಿ ವಾದಕ್ಕೆ ಇಳಿಯಲಿಲ್ಲ. ಫೋಟೋ ಹಾಕಿದವರಿಗೆ ಫೋನ್ ಮಾಡಿ, "ನೀವೇ ಕಣ್ಣಾರೆ ನೋಡಿದ್ದಾ, ಯಾರಾದರೂ ಕಳಿಸಿದ್ದಾ?" ಅಂತ ಕೇಳಿದೆ. ಅವರಿಗೆ ಬೇರೆಯವರು ಕಳಿಸಿದ್ದು, ಅವರಿಗೆ ಇನ್ಯಾರೋ. ಹೀಗೆ ಮೂರು ಫೋನ್ ಆದ ಮೇಲೆ ಗೊತ್ತಾಯಿತು, ಪಾರ್ಸೆಲ್ ತಂದ ಹುಡುಗ, ಮನೆ ನಂಬರ್ ಸಿಗದೆ ಬಾಗಿಲುಗಳನ್ನು ನೋಡುತ್ತಿದ್ದ.

ಇಂಥ ಹೊತ್ತಿನಲ್ಲಿ ಅಡ್ಮಿನ್ ಆ ಫೋಟೋವನ್ನು ಎಲ್ಲರ ಫೋನಿನಿಂದಲೂ ಅಳಿಸಬಹುದು. ಆದರೆ ಅಳಿಸಿ ಸುಮ್ಮನಾದರೆ ಕೆಲಸ ಅರ್ಧ ಆದ ಹಾಗೆ, ನೋಡಿದವರ ತಲೆಯಲ್ಲಿ ಅವನು ಕಳ್ಳನಾಗಿಯೇ ಉಳಿಯುತ್ತಾನೆ. ಸುಳ್ಳು ಬಂದ ಗ್ರೂಪಿನಲ್ಲೇ ನಿಜವನ್ನೂ ಬರೆಯಿರಿ. ಹಾಕಿದವರ ಹೆಸರು ಎತ್ತಬೇಡಿ. ಮಾನ ಹೋದರೆ ಮುಂದಿನ ಸಲ ಅವರು ಅದೇ ಸುಳ್ಳನ್ನು ನಿಮಗೆ ಕಾಣದ ಗ್ರೂಪಿನಲ್ಲಿ ಹಾಕುತ್ತಾರೆ, ಅಷ್ಟೇ.

ಜಗಳದ ಬಗ್ಗೆ ಜಾಸ್ತಿ ಹೇಳಲ್ಲ. ಬರೆದ ಮಾತಿಗೆ ದನಿ ಇಲ್ಲ, "ಸರಿ" ಅಂದರೆ ಒಪ್ಪಿಗೆಯೋ ಮುನಿಸೋ ಗೊತ್ತಾಗಲ್ಲ. ಈ ತಲೆನೋವು ಹಳೆಯದು. ಸ್ಕಾಟ್ ಫಾಲ್‌ಮನ್ ಅನ್ನುವ ಕಂಪ್ಯೂಟರ್ ವಿಜ್ಞಾನಿ 1982ರಲ್ಲಿ ಎರಡು ಚುಕ್ಕೆ, ಒಂದು ಗೆರೆ, ಒಂದು ಕಂಸ ಸೇರಿಸಿ ನಗುವ ಮುಖ ಮಾಡಿದ್ದೇ ಇದಕ್ಕೆ, ಯಾವುದು ತಮಾಷೆ ಅಂತ ಓದಿದವರಿಗೆ ತಿಳಿಯಲಿ ಅಂತ. ನನ್ನ ಲೆಕ್ಕ ಹೀಗಿದೆ: ಇಬ್ಬರ ನಡುವೆ ಮೂರು ಸಲ ಮಾತು ಹೋಗಿ ಬಂತು ಅಂದರೆ, ನಾನು ಇಬ್ಬರಿಗೂ ಫೋನ್ ಮಾಡುತ್ತೇನೆ. ಪಾರ್ಕಿಂಗ್ ಜಗಳ ಅಂಥ ಒಂದು ಫೋನಿನಲ್ಲಿ, ಏಳು ನಿಮಿಷಕ್ಕೆ ಮುಗಿಯಿತು.

ಮಾತಾಡುವವರು ಯಾವಾಗಲೂ ಕೆಲವೇ ಜನ. ಆನ್‌ಲೈನ್ ಗುಂಪುಗಳಲ್ಲಿ ನೂರಕ್ಕೆ 90 ಜನ ಬರೀ ಓದುತ್ತಾರೆ, 9 ಜನ ಆಗೊಮ್ಮೆ ಈಗೊಮ್ಮೆ ಬರೆಯುತ್ತಾರೆ, ಉಳಿದ ಒಬ್ಬರೇ ಹೆಚ್ಚಿನದನ್ನೆಲ್ಲ ಬರೆಯುತ್ತಾರೆ ಅಂತ ಜನ ವೆಬ್‌ಸೈಟುಗಳನ್ನು ಹೇಗೆ ಬಳಸುತ್ತಾರೆ ಅನ್ನೋದನ್ನು ಅಧ್ಯಯನ ಮಾಡುವ ಯಾಕೋಬ್ ನೀಲ್ಸನ್ 2006ರಲ್ಲಿ ಬರೆದಿದ್ದರು. ನಮ್ಮ ಗ್ರೂಪನ್ನು ನೋಡಿದರೆ ಸರಿಯೇ ಅನಿಸುತ್ತದೆ. ಹಾಗಾಗಿ ದುಡ್ಡಿನ ವಿಷಯವನ್ನು ಗ್ರೂಪಿನಲ್ಲಿ ಹಾಕಿ "ಯಾರೂ ಬೇಡ ಅನ್ನಲಿಲ್ಲ" ಅಂತ ತೀರ್ಮಾನ ಮಾಡಬೇಡಿ. ಸುಮ್ಮನಿದ್ದವರು ಒಪ್ಪಿದ್ದಾರೆ ಅಂತಲ್ಲ. ಪೋಲ್ ಹಾಕಿ, ಒಂದು ವಾರ ಬಿಡಿ, ಮತ ಹಾಕದ ಮನೆಗಳಿಗೆ ಹೋಗಿ ಕೇಳಿ. ಮತಗಳು ಮನೆಗೆ ಒಂದರಂತೆ ಇರಲಿ. ನಮ್ಮಲ್ಲಿ ಒಂದೇ ಮನೆಯಿಂದ ನಾಲ್ಕು ಮತ ಬಿದ್ದದ್ದುಂಟು.

ಗ್ರೂಪಿನಲ್ಲಿ ಇಲ್ಲದವರ ಪಟ್ಟಿಯನ್ನೂ ಇಟ್ಟುಕೊಳ್ಳಿ. ನಮ್ಮಲ್ಲಿ ಆರು ಮನೆ. ಇಬ್ಬರ ಹತ್ತಿರ ಸ್ಮಾರ್ಟ್‌ಫೋನ್ ಇಲ್ಲ, ನಾಲ್ವರಿಗೆ ತಮ್ಮ ನಂಬರ್ ಎಲ್ಲರಿಗೂ ಕಾಣೋದು ಇಷ್ಟವಿಲ್ಲ. ಅದು ಅವರ ಹಕ್ಕು, ಕೇಳದೆ ಯಾರನ್ನೂ ಸೇರಿಸಬೇಡಿ. ಪ್ರತಿ ಸೂಚನೆಯನ್ನೂ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಲಿಫ್ಟಿನ ಒಳಗೆ ಅಂಟಿಸುತ್ತೇನೆ. ತಮಾಷೆ ಅಂದರೆ, ಫೋನ್ ಇರುವವರೂ ಅದನ್ನೇ ಓದುತ್ತಾರೆ.

ಕೊನೆಯದಾಗಿ, ನಿಮ್ಮ ಜೊತೆ ಇನ್ನಿಬ್ಬರನ್ನು ಅಡ್ಮಿನ್ ಮಾಡಿ. ಇರುವ ಒಬ್ಬರೇ ಅಡ್ಮಿನ್ ಗ್ರೂಪು ಬಿಟ್ಟರೆ, ವಾಟ್ಸಾಪ್ ತಾನೇ ಯಾರಾದರೂ ಒಬ್ಬರನ್ನು ಆರಿಸುತ್ತದೆ. ಅದು ಯಾರು ಅಂತ ಹೇಳಲಾಗದು. ನಾನು ಮೂರನೇ ಮಹಡಿಯ ಆ ಹುಡುಗನನ್ನೇ ಹಿಡಿದೆ. ಈಗ ನೀರಿನ ಸೂಚನೆಗಳನ್ನೆಲ್ಲ ಅವನೇ ಬರೆಯುತ್ತಾನೆ. ತಾರೀಖು, ವಾರ, ಗಂಟೆ, ಎಲ್ಲ ಸರಿಯಾಗಿರುತ್ತದೆ. ಕೊನೆಯ ಸಾಲು ಮಾತ್ರ ಪ್ರತಿ ಸಲವೂ ಒಂದೇ: "ತಲೆಸ್ನಾನ ಹಿಂದಿನ ದಿನವೇ ಮುಗಿಸಿಕೊಳ್ಳಿ."